ಕೆಸರು, ಅಂಚೆ ಮತ್ತು ಅಡುಗೆ ಎಣ್ಣೆ

ಪತ್ರ: "ಹೋದ ಸಂಚಿಕೆಯಲ್ಲಿ ಜಪಾನಿನ ಕಲಾವಿದರೊಬ್ಬರು ಚಡ್ಡಿ ಹಾಕಿಕೊಂಡು ಕೆಸರಿನಲ್ಲಿ ಹೊರಳಾಡುವ ಫೋಟೋವನ್ನು ಅರ್ಧ ಪುಟಕ್ಕೆ ಹಾಕಿದ್ದೀರಿ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮೂರಿಗೆ ಬನ್ನಿ. 'ಕೆಸರ್‌ಡ್ ಒಂಜಿ ದಿನ' (ಕೆಸರಿನಲ್ಲಿ ಒಂದು ದಿನ) ಅಂತ ಗದ್ದೆಗಿಳಿದು ಆಟವಾಡುವ ಹುಡುಗರು ಇವರಿಗಿಂತ ಚೆನ್ನಾಗಿ ಬೀಳುತ್ತಾರೆ. ಅವರನ್ನು ಯಾರೂ ಕಲಾವಿದರು ಅನ್ನುವುದಿಲ್ಲ. ಮನೆಗೆ ಬಂದರೆ ಅಮ್ಮ ಸೀದಾ ಬಾವಿಕಟ್ಟೆಗೆ ಅಟ್ಟುತ್ತಾಳೆ. ಇದು ಹೇಗೆ ಕಲೆ? ಕೇಳಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಏಳೆಂಟು ಜನ ಸೇರಿ ಗುಂಪು ಕಟ್ಟಿ 'ಅಂತರರಾಷ್ಟ್ರೀಯ ಪರ್ಫಾರ್ಮೆನ್ಸ್ ಆರ್ಟ್' ಮಾಡುತ್ತಾರಂತೆ, ಅಂದರೆ ಜನರೆದುರು ಮೈಯಾರೆ ಮಾಡಿ ತೋರಿಸುವುದೇ ಕಲೆಯಂತೆ. ಗ್ಯಾಲರಿ ಇಲ್ಲ, ದುಡ್ಡಿಲ್ಲ, ಸರ್ಕಾರದ ಸಹಾಯ ಬೇಡವಂತೆ. ನೀವು ಹಿರಿಯರು, ಮುಂದೆ ನಿಲ್ಲಿ ಅಂತ ದುಂಬಾಲು ಬಿದ್ದಿದ್ದಾರೆ. ಏನು ಹೇಳಲಿ? ಇನ್ನೊಂದು, ಫೋಟೋದ ಕೆಳಗೆ 1956 ಅಂತಿದೆ. ನಾನು 1955 ಅಂತ ಓದಿದ ನೆನಪು."
— ದಕ್ಷಿಣ ಕನ್ನಡದ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಆಫೀಸಿನಲ್ಲಿ ಜೋರಾಗಿ ಓದಿದೆವು. ಬಾವಿಕಟ್ಟೆಯ ಮಾತಿಗೆ ನಮ್ಮ ಪುಟ ಕಟ್ಟುವ ಹುಡುಗ ಬಿದ್ದು ಬಿದ್ದು ನಕ್ಕ. ಅವನೂ ನಿಮ್ಮ ಕಡೆಯವನೇ, ಅನುಭವ ಇದ್ದಹಾಗಿತ್ತು.

ಮೊದಲು ಕೆಸರಿನ ವಿಷಯ. ಫೋಟೋದಲ್ಲಿರುವವರು ಕಜುವೊ ಶಿರಾಗಾ. ಕಿಮೊನೊ ಬಟ್ಟೆ ವ್ಯಾಪಾರ ಮಾಡುವ ಮನೆಯ ಮಗ. ಕ್ಯೋಟೋದಲ್ಲಿ ಜಪಾನಿನ ಸಾಂಪ್ರದಾಯಿಕ ಚಿತ್ರಕಲೆ ಕಲಿತವರು. ಅಂದರೆ ಕುಂಚ ಹಿಡಿಯಲು ಬಾರದೆ ಮಣ್ಣಿಗೆ ಇಳಿದವರಲ್ಲ. ಕೈ ಚೆನ್ನಾಗಿ ಪಳಗಿದೆ, ಪಳಗಿದ ಕೈ ಪಳಗಿದ ಗೆರೆಯನ್ನೇ ಎಳೆಯುತ್ತದೆ ಅನ್ನುವುದು ಅವರ ತಕರಾರು. ಅದಕ್ಕೇ ಕುಂಚ ಬಿಟ್ಟು, ಮೇಲಿನಿಂದ ಇಳಿಬಿಟ್ಟ ಹಗ್ಗಕ್ಕೆ ಜೋತುಬಿದ್ದು, ನೆಲದ ಮೇಲೆ ಹಾಸಿದ ಹಾಳೆಯಲ್ಲಿ ಕಾಲಿನಿಂದ ಬಣ್ಣ ಬಳಿದರು. ಅದರ ಮುಂದಿನ ಹೆಜ್ಜೆಯೇ ಈ ಮಣ್ಣು. ಟೋಕಿಯೋದ ಓಹಾರಾ ಕೈಕಾನ್ ಎಂಬ ಕಟ್ಟಡದ ಅಂಗಳದಲ್ಲಿ ಗೋಡೆಗೆ ಮೆತ್ತುವ ಮಣ್ಣನ್ನು ರಾಶಿ ಹಾಕಿಸಿದ್ದರು. ನಿಮ್ಮ ಗದ್ದೆಯ ಮೆತ್ತನೆಯ ಕೆಸರಲ್ಲ ಅದು. ಅದರಲ್ಲಿ ಸಿಮೆಂಟೂ ಇತ್ತು, ಜಲ್ಲಿಯೂ ಇತ್ತು. ಹೊರಳಿ ಎದ್ದಾಗ ಮೈಯೆಲ್ಲ ತರಚಿತ್ತು.

ನಿಮ್ಮ ಹುಡುಗರು ಇವರಿಗಿಂತ ಚೆನ್ನಾಗಿ ಬೀಳುತ್ತಾರೆ, ಒಪ್ಪಿದೆ. ಆದರೆ ಹಗ್ಗಜಗ್ಗಾಟ ಮುಗಿದ ಮೇಲೆ ಗದ್ದೆಯ ಕಡೆ ಯಾರಾದರೂ ತಿರುಗಿ ನೋಡುತ್ತಾರಾ? ಗೆದ್ದವರು ಬಾಳೆಗೊನೆ ಹೊತ್ತುಕೊಂಡು ಹೋಗುತ್ತಾರೆ, ಅಷ್ಟೇ. ಶಿರಾಗಾ ಎದ್ದುಹೋದ ಮೇಲೆ ಆ ಮಣ್ಣನ್ನು ಹಾಗೇ ಬಿಟ್ಟರು. ಮೊಣಕಾಲು ಊರಿದ ಗುಳಿ, ಭುಜ ತಳ್ಳಿದ ದಿಬ್ಬ, ಬೆರಳು ಗೀರಿದ ಜಾಗ. ಪ್ರದರ್ಶನಕ್ಕೆ ಇಟ್ಟದ್ದು ಅದನ್ನೇ. ಅವರಿಗೆ ಅದು ಚಿತ್ರ, ಮೈ ಅದರ ಕುಂಚ. ನಿಮಗೆ ಇದು ಇಷ್ಟವಾಗಬೇಕು ಅಂತೇನಿಲ್ಲ. ಸುಮ್ನೆ ಹೊರಳಾಟ ಅಂತ ತಳ್ಳಿಹಾಕಬೇಡಿ, ಅಷ್ಟು ಸಾಕು.

ನನ್ನನ್ನೇ ಕೇಳಿದರೆ ಅದೇ ಪ್ರದರ್ಶನದಲ್ಲಿದ್ದ ಅತ್ಸುಕೊ ತನಾಕಾ ಅವರ ಗಂಟೆಗಳು ಜಾಸ್ತಿ ಇಷ್ಟ. ಇಪ್ಪತ್ತು ಎಲೆಕ್ಟ್ರಿಕ್ ಗಂಟೆಗಳನ್ನು ತಂತಿಯಲ್ಲಿ ಜೋಡಿಸಿ ಎರಡೆರಡು ಮೀಟರ್ ದೂರಕ್ಕೆ ಒಂದರಂತೆ ನೆಲದ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಒಂದು ಸ್ವಿಚ್ಚು, ದಯವಿಟ್ಟು ಒತ್ತಿ ಅಂತ ಒಂದು ಚೀಟಿ. ಒತ್ತಿದರೆ ಕಾಲ ಬುಡದ ಗಂಟೆ ಟ್ರಿಣ್ ಅನ್ನುತ್ತದೆ. ಆಮೇಲೆ ಅದರಾಚೆಯದು. ಹೀಗೆ ಸದ್ದು ದೂರ ದೂರ ಹೋಗಿ ಕಿವಿಗೆ ಸಿಕ್ಕೂ ಸಿಗದ ಹಾಗಾಗಿ, ಮತ್ತೆ ತಿರುಗಿ ನಿಮ್ಮ ಹತ್ತಿರಕ್ಕೇ ಬರುತ್ತದೆ. ನೋಡಲು ಏನೂ ಇಲ್ಲ. ಕೋಣೆ ಎಷ್ಟು ದೊಡ್ಡದು ಅನ್ನುವುದನ್ನು ಕಿವಿ ಅಳೆಯುತ್ತದೆ. ಮರುವರ್ಷ ಇದೇ ಹೆಣ್ಣುಮಗಳು ಬಣ್ಣ ಬಳಿದ ಸುಮಾರು ಇನ್ನೂರು ಬಲ್ಬುಗಳನ್ನು ಪೋಣಿಸಿ ಉಡುಪು ಮಾಡಿ ಮೈಮೇಲೆ ಹಾಕಿಕೊಂಡರು. ವೈರು ಸಮೇತ! ನಮ್ಮೂರ ಜಾತ್ರೆಯ ಸೀರಿಯಲ್ ಸೆಟ್ಟು ಕೂಡ ಮುಟ್ಟಿದರೆ ಜುಮ್ ಅನ್ನುತ್ತದೆ. ಆ ಧೈರ್ಯಕ್ಕೆ ಏನನ್ನೋಣ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಗುಂಪು, ದುಡ್ಡು, 'ಅಂತರರಾಷ್ಟ್ರೀಯ'.

ಇವರ ಗುಂಪಿನ ಹೆಸರು ಗುತಾಯ್. ಒಸಾಕಾ ಹತ್ತಿರದ ಆಶಿಯಾ ಎಂಬ ಊರಿನಲ್ಲಿ 1954ರಲ್ಲಿ ಶುರುವಾಯಿತು. ಕಟ್ಟಿದವರು ಜಿರೊ ಯೋಶಿಹಾರಾ. ಆಗ ಅವರಿಗೆ ಐವತ್ತರ ಹತ್ತಿರ, ಉಳಿದವರು ಹೆಚ್ಚಿನವರು ಹುಡುಗರು. ಯೋಶಿಹಾರಾ ಚಿತ್ರಕಲೆಯನ್ನು ತಾವೇ ಕಲಿತವರು. ಹೊಟ್ಟೆಪಾಡಿಗೆ? ಮನೆತನದ ಅಡುಗೆ ಎಣ್ಣೆಯ ಕಂಪನಿ ಇತ್ತು. ಕಲೆಯ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾನು ಹೋಗುವುದಿಲ್ಲ. ಸರ್ಕಾರ ಬೇಡ, ಗ್ಯಾಲರಿ ಬೇಡ ಅನ್ನುವ ಗುಂಪಿನ ಹಿಂದೆ ಎಲ್ಲೋ ಒಂದು ಎಣ್ಣೆ ಡಬ್ಬ ಇದ್ದೇ ಇರುತ್ತದೆ. ಯಾರದೋ ಸಂಬಳ, ಯಾರದೋ ಅಪ್ಪನ ತೋಟ, ಯಾರದೋ ಖಾಲಿ ಮಹಡಿ. ಬೆಂಗಳೂರಿನ ಶಾಂತಿನಗರದಲ್ಲಿ ದೇಶವಿದೇಶದ ಕಲಾವಿದರು ಬಂದು ಉಳಿದು ಕೆಲಸ ಮಾಡಿ ತೋರಿಸುವ '1.ಶಾಂತಿರೋಡ್' ಇದೆಯಲ್ಲ, ಅದೂ ಕಲಾವಿದ ಸುರೇಶ್ ಜಯರಾಮ್ ಅವರ ಮನೆಯೇ. ನಿಮ್ಮ ಹುಡುಗರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಎಣ್ಣೆ ಯಾರದು?

ಎಣ್ಣೆ ಇದ್ದರೂ ಗುತಾಯ್ ಮಂದಿ ಖರ್ಚಿನಲ್ಲಿ ಚಾಲೂಕು. ಮೊದಲ ದೊಡ್ಡ ಪ್ರದರ್ಶನ 1955ರ ಬೇಸಿಗೆಯಲ್ಲಿ, ಆಶಿಯಾದ ನದಿ ಪಕ್ಕದ ಪೈನ್ ಮರಗಳ ತೋಪಿನಲ್ಲಿ. ಹದಿಮೂರು ದಿನ, ಹಗಲೂ ರಾತ್ರಿ. ಬಾಡಿಗೆ ಇಲ್ಲ, ಬಾಗಿಲಿಲ್ಲ, ಕಾವಲಿಲ್ಲ. ತನಾಕಾ ಅವರು ಅಲ್ಲಿ ಇಟ್ಟಿದ್ದು ಒಂದು ಗುಲಾಬಿ ಬಣ್ಣದ ದೊಡ್ಡ ಬಟ್ಟೆ, ನೆಲದಿಂದ ಒಂದಡಿ ಮೇಲೆ ಬಿಗಿದದ್ದು. ಗಾಳಿ ಬಂದಾಗ ಅಲುಗುತ್ತದೆ. ಅದೇ ಕೃತಿ. ಮರುವರ್ಷ ಸದಮಾಸಾ ಮೊತೊನಾಗಾ ಅವರು ಪ್ಲಾಸ್ಟಿಕ್ ಹಾಳೆಯ ಉದ್ದನೆಯ ಕೊಳವೆಗಳಲ್ಲಿ ಬಣ್ಣದ ನೀರು ತುಂಬಿ ಮರದಿಂದ ಮರಕ್ಕೆ ಕಟ್ಟಿದರು. ನೀರಿನ ಭಾರಕ್ಕೆ ಅವು ತೊಟ್ಟಿಲ ಹಾಗೆ ಜಗ್ಗಿದವು. ನಡುವೆ ಬಿಸಿಲು ಬಿದ್ದರೆ ನೀರೇ ದೀಪ. ಲೆಕ್ಕ ಹಾಕಿ ನೋಡಿ, ಎಷ್ಟು ಖರ್ಚಾದೀತು?

ಸರಿ, ಆಶಿಯಾದ ತೋಪಿನಲ್ಲಿ ಮಾಡಿದ್ದು ಜಗತ್ತಿಗೆ ಗೊತ್ತಾಗಿದ್ದು ಹೇಗೆ? ನಿಮಗೆ ಇಷ್ಟುದ್ದ ಉತ್ತರ ಬರೆಯಲು ಕೂತದ್ದೇ ಇದನ್ನು ಹೇಳಲು. ಅವರ ಹತ್ತಿರ ಒಂದು ಪತ್ರಿಕೆ ಇತ್ತು. ಪತ್ರಿಕೆ ನಡೆಸುವವನು ಪತ್ರಿಕೆಯನ್ನೇ ಹೊಗಳುತ್ತಾನೆ ಅಂತ ನಗಬೇಡಿ. ಮೇಲೆ ಹೇಳಿದ ತೋಪಿನ ಪ್ರದರ್ಶನಕ್ಕೂ ಮೊದಲೇ, 1955ರ ಜನವರಿಯಲ್ಲಿ, 'ಗುತಾಯ್' ಪತ್ರಿಕೆಯ ಮೊದಲ ಸಂಚಿಕೆ ಬಂದಿತ್ತು. ಕೃತಿಗಿಂತ ಮೊದಲು ಕಾಗದ! ಜಪಾನಿ ಭಾಷೆಯ ಜೊತೆಗೆ ಇಂಗ್ಲಿಷನ್ನೂ ಹಾಕುತ್ತಿದ್ದರು. ಕಾರಣ ಸರಳ, ಓದಬೇಕಾದವರು ಕಡಲಾಚೆ ಇದ್ದರು. ಮಣ್ಣು ಒಣಗಿತು, ಬಟ್ಟೆ ಬಿಚ್ಚಿದರು, ಬಣ್ಣದ ನೀರು ಚೆಲ್ಲಿದರು. ಫೋಟೋ ಮತ್ತು ಪತ್ರಿಕೆ ಉಳಿಯಿತು. 1956ರ ಶುರುವಿನಲ್ಲಿ ಗುಂಪಿನ ಶೋಜೊ ಶಿಮಾಮೊತೊ ಅವರು ಎರಡು ಮತ್ತು ಮೂರನೇ ಸಂಚಿಕೆಗಳನ್ನು ಒಂದು ಕಾಗದ ಬರೆದು ಅಮೆರಿಕದ ಜಾಕ್ಸನ್ ಪೊಲಾಕ್ ಅವರಿಗೆ ಅಂಚೆಯಲ್ಲಿ ಕಳಿಸಿದರು. ಪೊಲಾಕ್ ಆಗ ಹೆಸರು ಮಾಡಿದ್ದ ಚಿತ್ರಕಾರ. ಪರಿಚಯವಿಲ್ಲ, ಶಿಫಾರಸಿಲ್ಲ. ಅದೇ ಆಗಸ್ಟ್‌ನಲ್ಲಿ ಪೊಲಾಕ್ ಕಾರು ಅಪಘಾತದಲ್ಲಿ ತೀರಿಕೊಂಡರು. ಅವರ ಮನೆಯ ಪುಸ್ತಕ ಕಾಗದಗಳ ನಡುವೆ ಆ ಸಂಚಿಕೆಗಳು ಸಿಕ್ಕವು. ಅದನ್ನು ನೋಡಿದವರೊಬ್ಬರು ಆಶಿಯಾಕ್ಕೆ ಕಾಗದ ಬರೆದರು. ಅಂತರರಾಷ್ಟ್ರೀಯ ಅಂದರೆ ವಿಮಾನ, ವೀಸಾ ಅಂದುಕೊಳ್ಳುತ್ತೇವೆ. ಇವರ ಪಾಲಿಗೆ ಅದು ಅಂಚೆಚೀಟಿ.

1960ರಲ್ಲಿ ಅಂಚೆಯನ್ನೇ ಹಿಡಿದು ಇನ್ನೂ ದೊಡ್ಡ ಕೆಲಸ ಮಾಡಿದರು. ಹೊರದೇಶದ ಕಲಾವಿದರಿಗೆ ಬರೆದರು: ನಿಮ್ಮ ಚಿತ್ರ ಬೇಡ, ಒಂದು ಸಣ್ಣ ಸ್ಕೆಚ್ ಕಳಿಸಿ ಸಾಕು. ಲಕೋಟೆಯಲ್ಲಿ ಬಂದ ಸ್ಕೆಚ್ಚುಗಳನ್ನು ಗುತಾಯ್‌ನವರು ದೊಡ್ಡ ಬಟ್ಟೆಯ ಮೇಲೆ ಬರೆದು, ಒಸಾಕಾದ ತಕಾಶಿಮಾಯಾ ಅಂಗಡಿಯ ತಾರಸಿಯಿಂದ ಬಲೂನಿಗೆ ಕಟ್ಟಿ ಮೇಲೆ ಬಿಟ್ಟರು. 'ಅಂತರರಾಷ್ಟ್ರೀಯ ಆಕಾಶ ಉತ್ಸವ' ಅಂತ ಹೆಸರು. ಚಿತ್ರ ಸಾಗಿಸುವ ಖರ್ಚಿಲ್ಲ, ವಿಮೆ ಇಲ್ಲ, ಕಸ್ಟಮ್ಸ್‌ನವರ ಕಿರಿಕಿರಿ ಇಲ್ಲ, ಗೋಡೆಯೂ ಇಲ್ಲ. ತರಕಾರಿ ಚೀಲ ಹಿಡಿದು ಬೀದಿಯಲ್ಲಿ ಹೋಗುವವರಿಗೂ ಕಾಣುತ್ತದೆ. ನಿಮ್ಮ ಹುಡುಗರು ಇದನ್ನು ಕದಿಯಲಿ, ನಾನು ದೂರು ಕೊಡುವುದಿಲ್ಲ. (ಯೋಶಿಹಾರಾ ಬದುಕಿದ್ದರೆ ಕೊಡುತ್ತಿದ್ದರು. ಇನ್ನೊಬ್ಬರನ್ನು ನಕಲು ಮಾಡಬೇಡಿ, ಯಾರೂ ಮಾಡದ್ದನ್ನು ಮಾಡಿ ಅನ್ನುವುದು ಅವರ ಕಟ್ಟಪ್ಪಣೆ.)

ಎಲ್ಲವೂ ಹೂವಿನ ಹಾಸಿಗೆಯಾಗಿತ್ತು ಅಂದುಕೊಳ್ಳಬೇಡಿ. 1957ರಲ್ಲಿ ಫ್ರಾನ್ಸಿನ ವಿಮರ್ಶಕ ಮಿಶೆಲ್ ತಾಪಿಯೆ ಬಂದರು, ಮೆಚ್ಚಿದರು, ಹೊರಗಿನ ಬಾಗಿಲು ತೆರೆಸಿದರು. ಆದರೆ ಅವರಿಗೆ ಬೇಕಿದ್ದದ್ದು ಕ್ಯಾನ್ವಾಸು. ಗಂಟೆಯ ಸದ್ದನ್ನು ಸುತ್ತಿ ಹಡಗಿಗೆ ಹಾಕಲು ಬರುವುದಿಲ್ಲ, ಕ್ಯಾನ್ವಾಸನ್ನು ಹಾಕಬಹುದು, ಮಾರಲೂಬಹುದು. ಮರುವರ್ಷ ನ್ಯೂಯಾರ್ಕಿನ ಮಾರ್ಥಾ ಜಾಕ್ಸನ್ ಗ್ಯಾಲರಿಗೆ ಹೋದದ್ದು ಚಿತ್ರಗಳು. ಅಲ್ಲಿನವರು ನೋಡಿ, ಇದು ಪೊಲಾಕ್ ನೆರಳು ಅಂತ ಮೂಗು ಮುರಿದರು. ನಕಲು ಮಾಡಬೇಡಿ ಅಂತ ಪಣ ತೊಟ್ಟವರಿಗೆ! ಮಣ್ಣು, ಗಂಟೆ, ಗಾಳಿಯ ಬಟ್ಟೆ ಯಾವುದೂ ಆ ಗೋಡೆಗಳ ಮೇಲೆ ಇರಲಿಲ್ಲವಲ್ಲ. ತಾಪಿಯೆ ಒಳ್ಳೆಯದು ಮಾಡಿದರೋ ಕೆಟ್ಟದ್ದು ಮಾಡಿದರೋ ಅಂತ ಪಂಡಿತರು ಇನ್ನೂ ಜಗಳವಾಡುತ್ತಾರೆ. ನನಗಂತೂ ಅನುಮಾನ ಇಲ್ಲ. ಗುತಾಯ್‌ನ ಮೊದಲ ಮೂರು ವರ್ಷದ ಮುಂದೆ ಆಮೇಲಿನ ಹದಿನೈದು ವರ್ಷ ಸಪ್ಪೆ.

ಆ ಸಪ್ಪೆ ವರ್ಷಗಳಲ್ಲೂ ಉಪ್ಪಿನ ಹರಳು ಇದ್ದವು ಅನ್ನಿ. 1962ರಲ್ಲಿ ಯೋಶಿಹಾರಾ ಒಸಾಕಾದಲ್ಲಿ ತಮ್ಮ ಹಳೆಯ ಉಗ್ರಾಣಗಳನ್ನೇ ಗುಂಪಿನ ಗ್ಯಾಲರಿ ಮಾಡಿದರು. ಸಂಗೀತಗಾರ ಜಾನ್ ಕೇಜ್, ಕಲಾವಿದ ರಾಬರ್ಟ್ ರೌಶನ್‌ಬರ್ಗ್ ಅಂಥವರು ಅಲ್ಲಿಗೆ ಬಂದುಹೋದರು. ಅದೇ ವರ್ಷ ಒಂದು ಪ್ರದರ್ಶನದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ಹತ್ತು ಯೆನ್ ನಾಣ್ಯ ಹಾಕಿದರೆ ಕಲಾವಿದರು ಕೈಯಾರೆ ಬರೆದ ಒಂದು ಕಾರ್ಡು ಹೊರಗೆ ಬರುತ್ತದೆ. ನೋಡಿದವರು ಮೆಷಿನ್ ಅಂದುಕೊಳ್ಳಬೇಕು. ಒಳಗೆ ಗುಂಪಿನವರೇ ಒಬ್ಬರು ಕೂತು ಕಾರ್ಡು ಕೊಡುತ್ತಿದ್ದರು!

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಗುಂಪಿನ ಇಂಥದ್ದೇ ಕಾರ್ಯಕ್ರಮಕ್ಕೆ ಹೋಗಿದ್ದೆ. ಹಳೇ ಗೋಡೌನು, ಮೂರು ದೇಶದವರು. ಅದರಲ್ಲಿ ಒಬ್ಬಾಕೆ ಒದ್ದೆ ಸೀರೆಯೊಂದನ್ನು ಒಂದು ತುದಿಯಿಂದ ಹಿಂಡುತ್ತಾ ಇನ್ನೊಂದು ತುದಿಗೆ ಬಂದಳು. ಇಪ್ಪತ್ತು ನಿಮಿಷ ಹಿಡಿಯಿತು. ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬರೆಯಲೇಬೇಕು ಅಂತ ಮನೆಗೆ ಬಂದೆ. ಆಕೆಯ ಹೆಸರು ಕರಪತ್ರದಲ್ಲಿ ಇಲ್ಲ. ಫೋಟೋ ಯಾರೂ ತೆಗೆದಿಲ್ಲ. ಆಯೋಜಕರಿಗೆ ಫೋನ್ ಮಾಡಿದರೆ, 'ಸಾರ್, ಆ ಕ್ಷಣದಲ್ಲಿ ಇರೋದೇ ಮುಖ್ಯ' ಅಂದರು. ಮುಖ್ಯ ಹೌದು. ಆದರೆ ಆ ಸೀರೆಯ ಬಗ್ಗೆ ಒಂದು ಸಾಲೂ ಬರೆಯಲಾಗಲಿಲ್ಲ, ಇವತ್ತಿನವರೆಗೆ.

ಹಾಗಾಗಿ ನಿಮ್ಮ ಹುಡುಗರು ಬಂದರೆ ಕೆಸರಿಗೆ ಬಿದ್ದರೂ ಪರವಾಗಿಲ್ಲ ಅನ್ನಿ. ಫೋಟೋ ತೆಗೆಯುವವನು ಮೊದಲೇ ಗೊತ್ತಾಗಿರಲಿ, ಅವನು ಬೀಳದಿರಲಿ. ಯಾರು, ಯಾವತ್ತು, ಎಲ್ಲಿ, ಏನು ಮಾಡಿದರು ಅಂತ ಎಂಟು ಪುಟದ ಒಂದು ಸಣ್ಣ ಪತ್ರಿಕೆ. ಜೆರಾಕ್ಸ್ ಆದರೂ ನಡೆಯುತ್ತದೆ. ಅದರಲ್ಲಿ ಐವತ್ತು ಪ್ರತಿ ಕಂಡು ಕೇಳದವರಿಗೆ ಅಂಚೆ ಹಾಕಲಿ.

ನೀವು ಮುಂದೆ ನಿಲ್ಲಬೇಕಾ? ಇಲ್ಲಿ ಸ್ವಲ್ಪ ತಡೆಯಿರಿ. ಯೋಶಿಹಾರಾ ಹುಡುಗರ ಕೆಲಸ ನೋಡಿ ಒಂದೇ ಮಾತು ಹೇಳುತ್ತಿದ್ದರಂತೆ: ಆಗಬಹುದು, ಇಲ್ಲವೇ ಆಗದು. ಯಾಕೆ ಅಂತ ವಿವರಣೆ ಇಲ್ಲ. ನಲವತ್ತು ವರ್ಷ ಡ್ರಾಯಿಂಗ್ ಪುಸ್ತಕದ ಮೂಲೆಗೆ ಸಹಿ ಹಾಕಿದ ನಿಮಗೆ ಇದು ಹೊಸದಲ್ಲ, ಅಲ್ವಾ? ಆ ಒಂದು ಮಾತಿಗೆ ಹೆದರಿಯೇ ಅವರೆಲ್ಲ ಅಷ್ಟು ದೂರ ಜಿಗಿದದ್ದು. ಆದರೆ ದುಡ್ಡು ಅವರದು, ಉಗ್ರಾಣ ಅವರದು, ತೀರ್ಪೂ ಅವರದು. 1972ರ ಫೆಬ್ರವರಿಯಲ್ಲಿ ಯೋಶಿಹಾರಾ ತೀರಿಕೊಂಡರು. ಮಾರ್ಚ್‌ನಲ್ಲಿ ಗುಂಪು ಮುಚ್ಚಿತು. ಹದಿನೆಂಟು ವರ್ಷದಲ್ಲಿ ಒಟ್ಟು 59 ಜನ ಸದಸ್ಯರಾಗಿದ್ದರು. ಒಂದು ತಿಂಗಳಿಗಿಂತ ಜಾಸ್ತಿ ಎಳೆದುಕೊಂಡು ಹೋಗುವವರು ಒಬ್ಬರೂ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ನೀವು ಪಕ್ಕದಲ್ಲಿ ನಿಲ್ಲಿ. ಜಗಲಿ ಕೊಡಿ, ಆಗದು ಅನ್ನಿಸಿದ್ದಕ್ಕೆ ಆಗದು ಅನ್ನಿ. ಲೆಕ್ಕದ ಪುಸ್ತಕ ಮತ್ತು ಪತ್ರಿಕೆ ಮಾತ್ರ ಹುಡುಗರ ಕೈಯಲ್ಲೇ ಇರಲಿ.

ಕೊನೆಗೆ ಇಸವಿ. ನಿಮ್ಮ ನೆನಪೇ ಸರಿ, ಶಿರಾಗಾ ಮಣ್ಣಿಗಿಳಿದದ್ದು ಮೊದಲ ಗುತಾಯ್ ಪ್ರದರ್ಶನದಲ್ಲಿ, 1955ರ ಅಕ್ಟೋಬರ್. 1956 ಅಂತ ಹಾಕಿದ್ದು ನಮ್ಮ ತಪ್ಪು. ಎರಡನೇ ಗುತಾಯ್ ಪ್ರದರ್ಶನವೂ ಅದೇ ಓಹಾರಾ ಕೈಕಾನ್‌ನಲ್ಲಿ, ಮರುವರ್ಷದ ಅಕ್ಟೋಬರ್‌ನಲ್ಲೇ ನಡೆದಿತ್ತು. ಎರಡು ಫೋಟೋಗಳ ಅಡಿಬರಹ ಅದಲುಬದಲಾಗಿದೆ. ಕಾಗದದ ಪರದೆಗಳನ್ನು ಹರಿದುಕೊಂಡು ನುಗ್ಗುವ ಸಬುರೊ ಮುರಾಕಾಮಿ ಅವರ ಫೋಟೋ ಅದೇ ಪುಟದಲ್ಲಿ ಕೆಳಗಿದೆ ನೋಡಿ. 1956 ಅದಕ್ಕೆ ಸೇರಬೇಕಿತ್ತು.