ಹಳೇ ಹಾರ್ನ್ ಸ್ಪೀಕರನ್ನು ಚಿಕ್ಕ ಕೋಣೆಗೆ ಹೊಂದಿಸಲು ಪೆಟ್ಟಿಗೆ ಕತ್ತರಿಸಲೇ, ಡ್ರೈವರ್ ಬದಲಿಸಲೇ?

ಎರಡೂ ಬೇಡ. ಗರಗಸ ಕೆಳಗಿಡಿ. ಡ್ರೈವರ್ ಬಿಚ್ಚೋಕೆ ಸ್ಕ್ರೂಡ್ರೈವರ್ ತಗೊಂಡಿದ್ದರೆ ಅದನ್ನಂತೂ ಇನ್ನೂ ದೂರ ಇಡಿ.

ಮುಚ್ಚಿದ ಚಿತ್ರಮಂದಿರದಿಂದ ಬಂದ ಆಲ್ಟೆಕ್ ಕಂಪನಿಯ ಎ7 ಸ್ಪೀಕರ್ ಜೋಡಿ, ಹತ್ತು ಹನ್ನೆರಡು ಅಡಿಯ ಕೋಣೆ, ಕಿವಿಗೆ ಚುಚ್ಚೋ ಶಬ್ದ ಅಂತ ಬರೆದಿದ್ದೀರಿ. ಒಂದು ಕಾಲಕ್ಕೆ ನನ್ನ ಕಥೆಯೂ ಇದೇ. ಕೆಳಗಿನ ಸ್ವರಗಳಿಗೆ 15 ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಅದರ ಮೇಲೆ 811ಬಿ ಅಲ್ಯೂಮಿನಿಯಂ ಹಾರ್ನ್, ಅದರ ಹಿಂದೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದರೂ ಎತ್ತಿದರೆ ಮೊಣಕೈ ಇಳಿಯುವಷ್ಟು ಭಾರದ ಕಂಪ್ರೆಷನ್ ಡ್ರೈವರ್, ಅಂದರೆ ಹಾರ್ನಿಗೆ ಶಬ್ದ ಹುಟ್ಟಿಸಿ ಕೊಡುವ ಭಾಗ. ಮೊದಲ ದಿನ ಹಾಕಿ ಕೇಳಿದಾಗ ಎರಡೂ ಕಡೆ ಚುಚ್ಚುತ್ತಿತ್ತು. ಎಡಗಡೆಯದು ಜತೆಗೆ ಸಣ್ಣದಾಗಿ ಕರಕರ ಅನ್ನುತ್ತಿತ್ತು. ಹಾಡುವವರು ಸ್ವರ ಏರಿಸಿದಾಗಲೆಲ್ಲ ಯಾರೋ ಪಕ್ಕದಲ್ಲಿ ಕಾಗದ ಉಜ್ಜುತ್ತಿದ್ದಾರೆ ಅನ್ನಿಸೋದು. ಡ್ರೈವರ್ ಹೋಗಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

ಹಿಂದಿನ ಮುಚ್ಚಳ ತೆಗೆದೆ. ಡಯಾಫ್ರಮ್ (ಕಂಪಿಸಿ ಶಬ್ದ ಮಾಡುವ ತೆಳು ಹಾಳೆ) ಹಿಡಿದಿರುವ ಸ್ಕ್ರೂ ತೆಗೆದು ಅದನ್ನು ನೇರವಾಗಿ ಮೇಲಕ್ಕೆತ್ತಿದೆ. ಇಲ್ಲಿಯವರೆಗೆ ಎಲ್ಲ ಸರಿ, ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಟಾರ್ಚ್ ಹಿಡಿದು ನೋಡಿದರೆ ವಾಯ್ಸ್ ಕಾಯಿಲ್, ಅಂದರೆ ಡಯಾಫ್ರಮ್ಮಿಗೆ ಅಂಟಿದ ತಂತಿ ಸುರುಳಿ, ಇಳಿಯುವ ಉಂಗುರದಂಥ ಗ್ಯಾಪಿನಲ್ಲಿ ಕಪ್ಪು ಪುಡಿ, ಒಂದು ಕಡೆ ತುಕ್ಕಿನ ಚೂರು ನೆಟ್ಟಗೆ ನಿಂತಿದೆ. ಕರಕರ ಬರುತ್ತಿದ್ದದ್ದು ಅದರಿಂದಲೇ. ಮಾಡಬೇಕಾಗಿದ್ದದ್ದು ಇಷ್ಟೇ: ಗಟ್ಟಿ ಕಾಗದದ ಪಟ್ಟಿಗೆ ಅಂಟು ಟೇಪನ್ನು ಅಂಟು ಹೊರಗೆ ಬರುವ ಹಾಗೆ ಸುತ್ತಿ, ಗ್ಯಾಪಿಗೆ ಇಳಿಸಿ, ಸುತ್ತ ಒಂದು ಸಲ ಆಡಿಸಿ ತೆಗೆಯೋದು. ಟೇಪ್ ಚೊಕ್ಕಟವಾಗಿ ಮೇಲೆ ಬರುವವರೆಗೂ ಹೊಸ ಟೇಪ್ ಹಾಕಿ ಅದನ್ನೇ ಮಾಡೋದು. ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಹಿಡಿದುಕೊಂಡಿರುತ್ತದೆ, ಊದಿದರೆ ಹೋಗಲ್ಲ. ಅಂಟಿಗೆ ಮಾತ್ರ ಬರುತ್ತದೆ.

ನಾನೂ ಟೇಪ್ ಹಾಕಿದೆ, ಮುಕ್ಕಾಲು ಪಾಲು ಬಂತು. ತಳದಲ್ಲಿ ಇನ್ನೂ ಏನೋ ಉಳಿದಿದೆ ಅನ್ನಿಸಿತು. ಅಷ್ಟರಲ್ಲಿ ಮೇಲಿನ ಉಕ್ಕಿನ ಪ್ಲೇಟಿನ ಬೋಲ್ಟುಗಳು ಕಣ್ಣಿಗೆ ಬಿದ್ದವು. ಇಷ್ಟು ಬಿಚ್ಚಿದ್ದಾಗಿದೆ, ಅದನ್ನೂ ತೆಗೆದು ಒಳಗೆಲ್ಲ ಒರೆಸಿಬಿಡೋಣ ಅಂದುಕೊಂಡೆ. ಬೋಲ್ಟ್ ತೆಗೆದರೂ ಪ್ಲೇಟ್ ಅಲುಗಲಿಲ್ಲ. ಅಯಸ್ಕಾಂತ ಹಿಡಿದಿತ್ತು. ಮರದ ಬೆಣೆ ಇಟ್ಟು ಮೀಟಿದ ಮೇಲೆ ಟಕ್ ಅಂತ ಬಂತು. ಒರೆಸಿದೆ, ವಾಪಸ್ ಇಟ್ಟೆ, ಪ್ಲೇಟ್ ಪಟ್ ಅಂತ ಹಿಡಿದುಕೊಂಡಿತು. ಅಷ್ಟು ಜೋರಾಗಿ ಹಿಡಿದದ್ದು ನೋಡಿ ಅಯಸ್ಕಾಂತ ಚೆನ್ನಾಗೇ ಇದೆ ಅಂತ ಖುಷಿಯೂ ಆಯಿತು. ಅಲ್ಲೇ ಇರೋದು ಮೋಸ.

ಇದನ್ನು ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನಕ್ಕೆ ಇದು ಗೊತ್ತಿರಲ್ಲ, ಗೊತ್ತಾಗೋದು ಕೈ ಸುಟ್ಟುಕೊಂಡ ಮೇಲೆ. ಆ ಕಾಲದ ಡ್ರೈವರುಗಳಲ್ಲಿ ಇರುವುದು ಆಲ್ನಿಕೋ ಅಯಸ್ಕಾಂತ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜತೆ ಸೇರಿದ ಮಿಶ್ರಲೋಹ. ಬಲ ತುಂಬಾ ಚೆನ್ನಾಗಿದೆ, ಆದರೆ ಆ ಬಲವನ್ನು ಹಿಡಿದಿಟ್ಟುಕೊಳ್ಳುವ ಹಟ ಇಲ್ಲ. ಸುತ್ತ ಉಕ್ಕಿನ ದಾರಿ ಪೂರ್ತಿ ಇರುವವರೆಗೆ, ಅಂದರೆ ಪ್ಲೇಟು, ಡಬ್ಬಿ, ನಡುವಿನ ಕಂಬ ಮೂರೂ ಸೇರಿ ನಡುವೆ ಆ ಸಣ್ಣ ಗ್ಯಾಪ್ ಮಾತ್ರ ಬಿಟ್ಟಿರುವವರೆಗೆ, ಎಷ್ಟೋ ದಶಕ ಹಾಗೇ ಇರುತ್ತದೆ. ಪ್ಲೇಟ್ ಎತ್ತಿದ ಕ್ಷಣ ಆ ದಾರಿ ಮುರಿಯುತ್ತದೆ. ಆಗ ಅಯಸ್ಕಾಂತದ ಸ್ವಂತ ಕ್ಷೇತ್ರವೇ ಅದಕ್ಕೆ ಎದುರಾಗಿ ಕೆಲಸ ಮಾಡಿ ಒಂದಷ್ಟು ಬಲವನ್ನು ಅಳಿಸಿಹಾಕುತ್ತದೆ. ಪ್ಲೇಟ್ ವಾಪಸ್ ಇಟ್ಟರೆ ಆ ಬಲ ವಾಪಸ್ ಬರಲ್ಲ. ಕಾರ್ಖಾನೆಯಲ್ಲಿ ಎಲ್ಲ ಜೋಡಿಸಿದ ಮೇಲೆ ಕೊನೆಗೆ ಅಯಸ್ಕಾಂತ ತುಂಬುತ್ತಿದ್ದದ್ದು ಇದಕ್ಕೇ. ಉಳಿದ ಬಲ ಪ್ಲೇಟನ್ನು ಪಟ್ ಅಂತ ಎಳೆಯೋಕೆ ಧಾರಾಳ ಸಾಕು, ಹಾಗಾಗಿ ಕೈಗೆ ವ್ಯತ್ಯಾಸ ಗೊತ್ತೇ ಆಗಲ್ಲ. ಫೆರೈಟ್ ಅಯಸ್ಕಾಂತಕ್ಕೆ ಈ ಕಾಯಿಲೆ ಇಷ್ಟಿಲ್ಲ. 1978ರ ಸುಮಾರಿಗೆ ಆಗಿನ ಜೈರ್ (ಈಗಿನ ಕಾಂಗೋ) ದೇಶದ ಗಲಾಟೆಯಿಂದ ಕೋಬಾಲ್ಟ್ ಸಿಗದೆ ಬೆಲೆ ಏರಿದ ಮೇಲೆ ಸ್ಪೀಕರ್ ಕಂಪನಿಗಳು ಒಂದೊಂದಾಗಿ ಫೆರೈಟಿಗೆ ಹೋದವು. ನಿಮ್ಮದು ಅದಕ್ಕಿಂತ ಹಿಂದಿನದಾದರೆ ಆಲ್ನಿಕೋ ಅಂತಲೇ ತಿಳಿದುಕೊಂಡು ಕೈ ಹಾಕಿ.

ಜೋಡಿಸಿ ಹಾಕಿದೆ. ಕರಕರ ಹೋಗಿತ್ತು, ಆದರೆ ಹಾಡುವವರ ದನಿ ನಡುವಿನಿಂದ ಬಲಕ್ಕೆ ಸರಿದಿತ್ತು. ನಾನು ಅಯಸ್ಕಾಂತ ಒಂದು ಬಿಟ್ಟು ಉಳಿದ ಎಲ್ಲವನ್ನೂ ಅನುಮಾನಿಸಿದೆ. ಕೆಳಗಿನ ಸ್ವರವನ್ನು ವೂಫರಿಗೂ ಮೇಲಿನದನ್ನು ಹಾರ್ನಿಗೂ ಹಂಚುವ ಕ್ರಾಸೋವರಿನ ಕೆಪಾಸಿಟರ್ ಬದಲಿಸಿದೆ. ವೈರ್ ಬದಲಿಸಿದೆ. ಎಡಗಡೆ ಕಿಟಕಿ ಇದೆ, ಅದಕ್ಕೇ ಹೀಗೆ ಅಂತ ದಪ್ಪ ಪರದೆ ಕಟ್ಟಿದೆ. ಹೊಸ ಡಯಾಫ್ರಮ್ ಜೋಡಿ ತರಿಸಿದೆ, ಅದೂ ದುಡ್ಡು ನೀರಾಯಿತು. ಕಡೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಎಡ ಬಲದ ಡ್ರೈವರುಗಳನ್ನು ಅದಲುಬದಲು ಮಾಡಿದೆ. ದನಿ ಎಡಕ್ಕೆ ಹೋಯಿತು. ಡ್ರೈವರಿನ ಜತೆಗೇ ದೋಷವೂ ಹೋದ ಮೇಲೆ ಇನ್ನೇನು ಉಳಿಯಿತು. ಅಯಸ್ಕಾಂತ ತುಂಬುವ ಯಂತ್ರ ಇರುವವರ ಹತ್ತಿರ ಎರಡನ್ನೂ ಕಳಿಸಿ ಸರಿಮಾಡಿಸಿದೆ. ಒಂದನ್ನೇ ಕಳಿಸಬೇಡಿ ಅಂತ ಅವರೇ ಹೇಳಿದರು, ಜೋಡಿ ಒಂದೇ ಮಟ್ಟಕ್ಕೆ ಬರಬೇಕಲ್ವಾ. ಪ್ಲೇಟ್ ನಡುವಿಗೆ ಕೂತಿರಲಿಲ್ಲ, ಅದನ್ನೂ ಅವರೇ ಗೇಜ್ ಇಟ್ಟು ಕೂರಿಸಿದರು. ಆದ ಖರ್ಚಿಗೆ ಇನ್ನೊಂದು ಡ್ರೈವರೇ ಬರುತ್ತಿತ್ತೋ ಏನೋ.

ಇಷ್ಟೆಲ್ಲ ಆದ ಮೇಲೂ ಚುಚ್ಚೋದು ನಿಂತಿರಲಿಲ್ಲ! ಯಾಕೆಂದರೆ ಅದಕ್ಕೂ ಡ್ರೈವರಿಗೂ ಸಂಬಂಧವೇ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 'ಕೋಣೆ ಚಿಕ್ಕದು, ಹಾರ್ನ್ ದೊಡ್ಡದು, ಅದಕ್ಕೇ ಚುಚ್ಚುತ್ತದೆ' ಅಂತ ನೀವು ಹಿಡಿದಿರೋ ಎಳೆಯನ್ನೇ ನಾನು ಒಪ್ಪಲ್ಲ. ಅಂಗೈ ಬಾಯಿಗಿಟ್ಟು ಕೂಗಿದಾಗ ದನಿ ಒಂದೇ ಕಡೆಗೆ ಹೋಗೋ ಹಾಗೆ, ಹಾರ್ನ್ ಶಬ್ದವನ್ನು ಒಂದು ಕೋನದಲ್ಲಿ ಹಿಡಿದು ಕಳಿಸುತ್ತದೆ. 811ಬಿ ಅಡ್ಡಕ್ಕೆ ಸುಮಾರು 90 ಡಿಗ್ರಿ, ಉದ್ದಕ್ಕೆ ಇನ್ನೂ ಕಿರಿದು. ಸಾಮಾನ್ಯ ಸ್ಪೀಕರಿನ ಮಧ್ಯದ ಸ್ವರಗಳು ಪಕ್ಕದ ಗೋಡೆ, ಸೂರು ಎಲ್ಲ ಕಡೆ ಬಡಿದು ಬರುತ್ತವೆ. ಚಿಕ್ಕ ಕೋಣೆಯಲ್ಲಿ ಗೋಡೆ ಹತ್ತಿರ ಇರುವುದರಿಂದ ತೊಂದರೆ ಜಾಸ್ತಿ. ಹಾರ್ನಿನಲ್ಲಿ ಅದು ಕಮ್ಮಿ. ಎರಡನ್ನೂ ಒಳಕ್ಕೆ ತಿರುಗಿಸಿ, ಅವುಗಳ ನೋಟ ನಿಮ್ಮ ಮುಂದೆ ಒಂದೆರಡು ಅಡಿ ದೂರದಲ್ಲೇ ಕತ್ತರಿ ಹಾಕುವಷ್ಟು. ಎ7 ಪೆಟ್ಟಿಗೆ 42 ಇಂಚು ಎತ್ತರ ಇದೆ. ಹಾರ್ನ್ ಅದರ ಮೇಲೆ ಬಿಡಿಯಾಗಿ ಕೂತಿದ್ದರೆ ಕೂತವರ ತಲೆಯ ಮೇಲೇ ಶಬ್ದ ಹಾದುಹೋಗುತ್ತದೆ, ಹಿಂದೆ ಒಂದು ಮರದ ತುಂಡು ಕೊಟ್ಟು ಮೂತಿ ಕೆಳಗೆ ಮಾಡಿ.

ಹಾಗಾದರೆ ಚುಚ್ಚೋದು ಯಾಕೆ? ವೂಫರಿಗಿಂತ ಹಾರ್ನಿನ ಸದ್ದಿನ ಮಟ್ಟ ಜಾಸ್ತಿ. ಇವು ಚಿತ್ರಮಂದಿರದಲ್ಲಿ ಪರದೆಯ ಹಿಂದೆ ನಿಂತು, ಪರದೆಯ ಸಣ್ಣ ತೂತುಗಳ ಮೂಲಕ ಮಾತಾಡುತ್ತಿದ್ದವು. ಮೇಲಿನ ಸ್ವರಗಳು ಪರದೆಯಲ್ಲೇ ಒಂದಷ್ಟು ಸತ್ತುಹೋಗುತ್ತಿದ್ದವು. ನಿಮ್ಮ ಕೋಣೆಯಲ್ಲಿ ಪರದೆ ಇಲ್ಲ, ನೀವು ಕೂತಿರೋದು ಏಳೆಂಟು ಅಡಿ ದೂರದಲ್ಲಿ. 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಹಾರ್ನ್ ಕಡೆ ಸುಮಾರು 105ರಿಂದ 110 ಡೆಸಿಬಲ್, ವೂಫರ್ ಕಡೆ ನೂರರ ಆಸುಪಾಸು. ಇದನ್ನು ಸಮ ಮಾಡದೆ ಏನು ಬದಲಿಸಿದರೂ ಸುಮ್ನೆ.

ಸಮ ಮಾಡೋದು ಎರಡು ರೆಸಿಸ್ಟರಿನ ಕೆಲಸ. ಕ್ರಾಸೋವರ್ ಮತ್ತು ಡ್ರೈವರಿನ ನಡುವೆ ಎಲ್-ಪ್ಯಾಡ್, ಅಂದರೆ ಸದ್ದು ತಗ್ಗಿಸುವ ಆ ಎರಡು ರೆಸಿಸ್ಟರಿನ ಜೋಡಣೆ, ಹಾಕಿ. 8 ಓಮ್ ಡ್ರೈವರಿಗೆ 10 ಡೆಸಿಬಲ್ ತಗ್ಗಿಸೋಕೆ ಸರಣಿಯಲ್ಲಿ 5.5 ಓಮ್, ಡ್ರೈವರಿಗೆ ಸಮಾಂತರವಾಗಿ 3.7 ಓಮ್. 16 ಓಮ್ ಡ್ರೈವರಾದರೆ ಎರಡನ್ನೂ ದುಪ್ಪಟ್ಟು ಮಾಡಿ, 11 ಮತ್ತು 7.4. ಹತ್ತಿರದ ಬೆಲೆಯ ರೆಸಿಸ್ಟರ್ ನಡೆಯುತ್ತದೆ, 10 ವಾಟಿನದು ಸಾಕು. ಒಂದೇ ರೆಸಿಸ್ಟರ್ ಸರಣಿಯಲ್ಲಿ ಹಾಕಿ ಮುಗಿಸೋಕೆ ಹೋಗಬೇಡಿ. ಆಗ ಕ್ರಾಸೋವರಿಗೆ ಕಾಣುವ ಲೋಡ್ ಬದಲಾಗಿ ಅದರ ಲೆಕ್ಕವೇ ತಪ್ಪುತ್ತದೆ. ಹಳೇ ಕ್ರಾಸೋವರಿನಲ್ಲೇ ತಗ್ಗಿಸುವ ಅಟೆನ್ಯುಯೇಟರ್ ಇದ್ದರೆ ಮೊದಲು ಅದನ್ನೇ ಆಡಿಸಿ ನೋಡಿ.

ಇದರಿಂದ ಇನ್ನೊಂದು ಲಾಭ. ಸದ್ದಿಲ್ಲದಾಗ ನಿಮಗೆ ಸ್ಸ್ ಅಂತ ಕೇಳಿಸುತ್ತಿರಬೇಕು. ಅದು ಆಂಪ್ಲಿಫಯರಿನದು. 86 ಡೆಸಿಬಲ್ಲಿನ ಪುಟ್ಟ ಸ್ಪೀಕರಿಗಿಂತ 104ರ ಹಾರ್ನ್ ಸ್ಪೀಕರ್ 18 ಡೆಸಿಬಲ್ ಮೇಲೆ, ಅಂದರೆ ಅದು 1 ವಾಟಿನಲ್ಲಿ ಮಾಡುವಷ್ಟು ಸದ್ದಿಗೆ ಪುಟ್ಟ ಸ್ಪೀಕರ್ 63 ವಾಟ್ ಕೇಳುತ್ತದೆ. ಬೇರೆ ಸ್ಪೀಕರಿನಲ್ಲಿ ಹೂತುಹೋಗುವ ಸಣ್ಣ ಗಲಾಟೆಯೂ ಇಲ್ಲಿ ಎದ್ದು ಬರುತ್ತದೆ. ಎಲ್-ಪ್ಯಾಡ್ ಸಂಗೀತದ ಜತೆ ಆ ಸ್ಸ್ ಅನ್ನೂ ತಗ್ಗಿಸುತ್ತದೆ. ನೂರಾರು ವಾಟಿನ ಆಂಪ್ಲಿಫಯರ್ ಇದಕ್ಕೆ ಬೇಡ. ಸದ್ದಿಲ್ಲದೆ ಇರೋದು ಬೇಕು, ಐದು ಹತ್ತು ವಾಟಾದರೂ ಸಾಕು.

ಹಾರ್ನನ್ನು ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂತ ಉಳಿಯುತ್ತದಲ್ವಾ? ಹೊರಮೈಗೆ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟು ಪಟ್ಟಿ) ಒತ್ತಿ ಹಚ್ಚಿ, ಠಣ್ ಹೋಗಿ ಠಪ್ ಆಗುವವರೆಗೆ. ಒಳಮೈಗೆ ಏನೂ ಹಚ್ಚಬೇಡಿ. ಹಿಂದಕ್ಕೆ ತೆಗೆಯೋಕೆ ಬರುವ ವಸ್ತುವನ್ನೇ ಬಳಸಿ, ಎಪಾಕ್ಸಿ ಎಲ್ಲ ಬೇಡ. ವೂಫರಿನ ಅಂಚು ಮಡಿಕೆ ಮಡಿಕೆ ಬಟ್ಟೆಯದಾಗಿದ್ದರೆ ಅದು ಫೋಮಿನ ಹಾಗೆ ಪುಡಿಯಾಗಲ್ಲ, ಬದಲಿಸೋಕೆ ಹೋಗಬೇಡಿ. ಕೋನ್ ಉಜ್ಜುತ್ತಿದ್ದರೆ ವೂಫರನ್ನೇ ಅರ್ಧ ಸುತ್ತು ತಿರುಗಿಸಿ ಕೂರಿಸಿ, ವರ್ಷಗಟ್ಟಲೆ ಒಂದೇ ಕಡೆ ಜೋತಿದ್ದರೆ ಸರಿಹೋಗಬಹುದು. ಕ್ರಾಸೋವರಿನಲ್ಲಿ ಎಣ್ಣೆ ತುಂಬಿದ ಲೋಹದ ಡಬ್ಬಿಯಂಥ ಕೆಪಾಸಿಟರ್ ಇದ್ದರೆ ತೂತು ಮಾಡಬೇಡಿ, ಒಡೆಯಬೇಡಿ. 70ರ ದಶಕದವರೆಗಿನ ಅಂಥವುಗಳಲ್ಲಿ ಪಿಸಿಬಿ ಅನ್ನುವ ವಿಷದ ಎಣ್ಣೆ ಇರುವ ಸಾಧ್ಯತೆ ಇದೆ. ಡ್ರೈವರನ್ನು ಪರೀಕ್ಷೆಗೆ ಅಂತಲೂ ಕೆಪಾಸಿಟರ್ ಇಲ್ಲದೆ ನೇರ ಆಂಪ್ಲಿಫಯರಿಗೆ ಕೊಡಬೇಡಿ, ಒಂದು ಧಪ್ ಸದ್ದಿಗೆ ಡಯಾಫ್ರಮ್ ಹೋಗುತ್ತದೆ.

ಬಾಸ್ ಕಮ್ಮಿ ಅಂತ ನಾಳೆ ಬರೆಯುತ್ತೀರಿ, ಅದಕ್ಕೂ ಈಗಲೇ ಹೇಳಿಬಿಡುತ್ತೇನೆ. 50 ಹರ್ಟ್ಜ್ ಅಲೆಯ ಉದ್ದ ಸುಮಾರು 7 ಮೀಟರ್. ಅದಕ್ಕೆ ತಕ್ಕ ಹಾರ್ನಿನ ಬಾಯಿ ಮನೆಯ ಬಾಗಿಲಲ್ಲಿ ಹಿಡಿಸಲ್ಲ. ಎ7ನಲ್ಲಿ ವೂಫರಿನ ಮುಂದಿರುವ ಗಿಡ್ಡ ಹಾರ್ನ್ ಅಷ್ಟು ಕೆಳಗೆ ಕೆಲಸವೇ ಮಾಡಲ್ಲ. ಸ್ಪೀಕರ್ ತಯಾರಕ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರಾಟಕ್ಕೆ ತಂದ ಕ್ಲಿಪ್ಶ್‌ಹಾರ್ನ್ ಕೋಣೆಯ ಮೂಲೆಯಲ್ಲೇ ನಿಲ್ಲಬೇಕು ಅಂತ ಮಾಡಿದ್ದು ಇದೇ ಕಾರಣಕ್ಕೆ, ಅದರಲ್ಲಿ ಎರಡು ಗೋಡೆಗಳೇ ಹಾರ್ನಿನ ಮುಂದಿನ ಭಾಗ. ನಿಮ್ಮವನ್ನೂ ಮೂಲೆಗೆ ತಳ್ಳಿ. ಇಲ್ಲಿ ಕೋಣೆ ಚಿಕ್ಕದಾಗಿರೋದೇ ನಿಮಗೆ ಸಹಾಯ.

ಪೆಟ್ಟಿಗೆ ಕಣ್ಣಿಗೆ ಭಾರವಾಗಿದ್ದರೆ, ಮನೆಯವರು ಒಪ್ಪದಿದ್ದರೆ, ಹೊಸ ಪೆಟ್ಟಿಗೆ ಮಾಡಿಸಿ, ಹಳೆಯದನ್ನು ಎತ್ತಿಡಿ. ಆಲ್ಟೆಕ್ಕಿನವರೇ 60ರ ದಶಕದಲ್ಲಿ 15 ಇಂಚಿನ ವೂಫರನ್ನೂ ಇದೇ 811ಬಿ ಹಾರ್ನನ್ನೂ ಬೀರುವಿನಂಥ ಪೆಟ್ಟಿಗೆಯಲ್ಲಿ ಕೂರಿಸಿ ವೆಲೆನ್ಸಿಯಾ ಅಂತ ಮನೆಗೇ ಮಾರಿದ್ದರು. ಅಂದರೆ ಒಳಗಿನದೆಲ್ಲ ಮನೆಗೆ ಆಗುವಂಥದ್ದೇ. ಕತ್ತರಿಸಿದ ಎ7 ಪೆಟ್ಟಿಗೆ ಮಾತ್ರ ನಿಮಗೂ ಬೇಡ, ಮುಂದೆ ಕೊಳ್ಳುವವರಿಗೂ ಬೇಡ.

ಎಲ್-ಪ್ಯಾಡ್ ಹಾಕಿ ಆದ ಮೇಲೆ ಕೊನೇ ಕೆಲಸ, ನನಗೆ ಎಲ್ಲಕ್ಕಿಂತ ಮಜಾ ಕೊಟ್ಟದ್ದು. ಹಾರ್ನಿಗೆ ಹೋಗುವ ಎರಡು ವೈರ್ ಉಲ್ಟಾ ಕೊಡಿ. ಒಂದೇ ಸ್ಪೀಕರಿನಲ್ಲಿ ಕ್ರಾಸೋವರ್ ಇರುವ ಜಾಗದ ಟೋನ್, ನಿಮ್ಮದು 811ಬಿ ಆದರೆ 800 ಹರ್ಟ್ಜ್, ಮೆಲ್ಲಗೆ ಹಾಕಿ ಕೂರುವ ಕುರ್ಚಿಯಲ್ಲಿ ಕೂತುಕೊಳ್ಳಿ. ಇನ್ನೊಬ್ಬರು ಮೇಲಿನ ಹಾರ್ನನ್ನು ಬೆರಳಗಲ ಬೆರಳಗಲವಾಗಿ ಹಿಂದೆ ಮುಂದೆ ಸರಿಸಲಿ. ಒಂದು ಜಾಗದಲ್ಲಿ ಟೋನ್ ಕುಗ್ಗಿ ಕುಗ್ಗಿ ಹೋಗುತ್ತದೆ. ಅಲ್ಲಿ ಗುರುತು ಹಾಕಿ, ವೈರನ್ನು ಮತ್ತೆ ಸರಿಮಾಡಿ. ವೂಫರೂ ಹಾರ್ನೂ ಒಂದೇ ಸಮಯಕ್ಕೆ ನಿಮ್ಮನ್ನು ತಲುಪುವ ಜಾಗ ಅದು. ಟರ್ಮಿನಲ್ ಬಣ್ಣ ನಂಬಬೇಡಿ. ಜೆಬಿಎಲ್ ಕಂಪನಿಯ ಹಳೇ ಸ್ಪೀಕರುಗಳಲ್ಲಿ ಕೆಂಪಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೆ ಹೋಗುತ್ತದೆ, ಯಾರಾದರೂ ನಡುವೆ ಬೇರೆ ಕಂಪನಿಯ ವೂಫರ್ ಹಾಕಿದ್ದರೆ ಎಲ್ಲ ಅದಲುಬದಲಾಗಿರುತ್ತದೆ.

ಡ್ರೈವರಿನ ಹಿಂದಿನ ಲೇಬಲ್ ಓದಿ 8 ಓಮಾ, 16 ಓಮಾ ಅಂತ ಬರೆಯಿರಿ, ಎರಡೂ ಕಡೆಯದು ಬೇಕು. ಚಿತ್ರಮಂದಿರದವರು ಸಿಕ್ಕಿದ್ದು ಹಾಕಿ ಓಡಿಸಿರುತ್ತಾರೆ. ಎರಡೂ ಬೇರೆ ಬೇರೆ ಇದ್ದರೆ ಮೇಲಿನ ರೆಸಿಸ್ಟರ್ ಲೆಕ್ಕ ಒಂದೊಂದಕ್ಕೂ ಬೇರೆ ಹಾಕಬೇಕು.