ಮೈಸೂರಿನಿಂದ ತೊಣ್ಣೂರು ಕೆರೆ, ಮೇಲುಕೋಟೆ: ಸೈಕಲ್ಲಿನಲ್ಲಿ ಮೂರು ದಿನ

ಮೈಸೂರಿನಿಂದ ಹೊರಟು ಎರಡು ಮೂರು ದಿನ ಸೈಕಲ್ಲಿನಲ್ಲಿ ಆರಾಮಾಗಿ ಸುತ್ತಬೇಕು, ಕೆರೆ ಏರಿ ಗದ್ದೆ ಬಯಲು ಇರಬೇಕು, ಜೊತೆಗೆ ಹಳೇ ಯುದ್ಧ ನಡೆದ ಜಾಗಗಳೂ ಸಿಗಬೇಕು, ಅದಕ್ಕೆ ದುಬಾರಿ ಗೇರ್ ಸೈಕಲ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಡ. ನಾನು ಮೊದಲ ಸಲ ಹೋಗಿದ್ದು ಗೇರ್ ಇಲ್ಲದ ಹಳೇ ಸೈಕಲ್ಲಿನಲ್ಲೇ. ಮೇಲುಕೋಟೆ ಏರು ಒಂದು ಬಿಟ್ಟರೆ ಉಳಿದ ದಾರಿ ಎಲ್ಲಾ ತುಳಿಯಬಹುದು, ಆ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದರೆ ಆಯಿತು.

ದಾರಿಗೆ ಬರುವ ಮುಂಚೆ ಒಂದು ಮಾತು. ಶ್ರೀರಂಗಪಟ್ಟಣ ಅಂದರೆ ಕೋಟೆ, ಬುರುಜು, ಟಿಪ್ಪು ಸತ್ತ ಜಾಗ ಅಂತ ಕಾರಿನಲ್ಲಿ ಎರಡು ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಆದರೆ ಇಲ್ಲಿನ ಯುದ್ಧಗಳು ಅರ್ಥ ಆಗಬೇಕಾದರೆ ಕೋಟೆಗಿಂತ ನೀರನ್ನು ನೋಡಬೇಕು. ಕಾವೇರಿ ಹೊಳೆ ಯಾವಾಗ ಇಳಿಯುತ್ತದೆ, ನಾಲೆ ಎಲ್ಲಿ ಹರಿಯುತ್ತದೆ, ಕೆರೆ ಏರಿ ಯಾರ ಕೈಯಲ್ಲಿದೆ, ಎಲ್ಲಾ ನಿಂತಿದ್ದು ಅದರ ಮೇಲೆ. ಅದು ಕಾರಿನ ಕಿಟಕಿಯಿಂದ ಕಾಣುವುದಿಲ್ಲ, ಸೈಕಲ್ ತುಳಿಯುವಾಗ ಕಾಲಿಗೇ ಗೊತ್ತಾಗುತ್ತದೆ.

ಮೊದಲ ದಿನ ಬೆಂಗಳೂರು ಹೈವೇ ಮುಟ್ಟಲೇಬೇಡಿ. ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲಿ ಧೂಳು ಜಾಸ್ತಿ. ಕೆಆರ್‌ಎಸ್ ರಸ್ತೆ ಹಿಡಿದು ಬೆಳಗೊಳ, ಅಲ್ಲಿಂದ ಪಾಲಹಳ್ಳಿ ಕಡೆ ತಿರುಗಿ. ಪಾಲಹಳ್ಳಿ ಹತ್ತಿರವೇ ರಂಗನತಿಟ್ಟು. ಬೆಳಿಗ್ಗೆ ಬೇಗ ಹೊರಟರೆ ಹಕ್ಕಿಗಳನ್ನೂ ನೋಡಿಕೊಂಡು ಬಿಸಿಲು ಏರುವ ಮುಂಚೆ ಶ್ರೀರಂಗಪಟ್ಟಣ ಸೇರಬಹುದು. ಎಲ್ಲಾ ಸೇರಿ 20 ಕಿಲೋಮೀಟರ್ ಚಿಲ್ಲರೆ, ಅಷ್ಟೇ. ಅವತ್ತು ಅಷ್ಟು ಸಾಕು, ಊರೊಳಗೆ ಸುತ್ತುವುದೇ ಬೇಕಾದಷ್ಟಿದೆ.

ಊರಲ್ಲಿ ಎಲ್ಲರೂ ಹೋಗುವ ಜಾಗಗಳಿಗೆ ನೀವೂ ಹೋಗಿ. ದರಿಯಾ ದೌಲತ್‌ನಲ್ಲಿ ಗೋಡೆ ತುಂಬಾ 1780ರಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಳ್ಳಿಲೂರು ಕದನದ ಚಿತ್ರ ಇದೆ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತುವರಿದ ಕುದುರೆ ಸವಾರರು. ಅರ್ಧ ಗಂಟೆ ಆದರೂ ಅದರ ಮುಂದೆ ನಿಲ್ಲಿ. ಆ ಕದನದಲ್ಲಿ ಸೆರೆ ಸಿಕ್ಕ ಡೇವಿಡ್ ಬೇರ್ಡ್ ವರ್ಷಗಟ್ಟಲೆ ಇದೇ ಊರಿನಲ್ಲಿ ಬಂದಿಯಾಗಿದ್ದ, 1799ರಲ್ಲಿ ಕೋಟೆಗೆ ನುಗ್ಗಿದ ಇಂಗ್ಲಿಷ್ ಪಡೆಯ ಮುಂದಾಳು ಅವನೇ.

ಸಂಜೆ ಮಾತ್ರ ರಂಗನಾಥನ ಗುಡಿ ಹಿಂದೆ ಪಶ್ಚಿಮಕ್ಕೆ ಕೋಟೆ ಗೋಡೆ ಹಿಡಿದು ಹೋಗಿ. ವಾಯುವ್ಯ ಮೂಲೆಯಲ್ಲಿ ಗೋಡೆ ಒಡೆದ ಜಾಗ ಇದೆ, ಪಕ್ಕದಲ್ಲಿ ಒಂದು ಸ್ಮಾರಕ ಕಂಬ. ಬಹಳ ಜನ ಕಂಬದ ಮುಂದೆ ಫೋಟೋ ತೆಗೆದುಕೊಂಡು ತಿರುಗಿಬಿಡುತ್ತಾರೆ. ನೀವು ಹೊಳೆ ಕಡೆ ಮುಖ ಮಾಡಿ ನಿಲ್ಲಿ. ಬೇಸಿಗೆಯಲ್ಲಿ ಹೋದರೆ ಬಂಡೆಗಳೆಲ್ಲಾ ಎದ್ದು ಕಾಣುತ್ತವೆ, ನಡುನಡುವೆ ಮೊಣಕಾಲುದ್ದದ ನೀರು, ಬಟ್ಟೆ ಒಗೆಯುವವರು, ಬಂಡೆಯಿಂದ ಬಂಡೆಗೆ ಹಾರುವ ಹುಡುಗರು. 1799ರ ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಸೈನಿಕರು ಆಚೆ ದಡದಿಂದ ದಾಟಿ ಬಂದಿದ್ದು ಇಂಥ ನೀರನ್ನೇ. ಇನ್ನೊಂದು ತಿಂಗಳು ಕಳೆದಿದ್ದರೆ ಕೊಡಗಿನ ಮಳೆ ನೀರು ಬಂದು ಹೊಳೆ ತುಂಬುತ್ತಿತ್ತು. ಇಂಗ್ಲಿಷರ ಸೇನಾಪತಿ ಜನರಲ್ ಹ್ಯಾರಿಸ್‌ನ ದಂಡಿನಲ್ಲಿ ಅಕ್ಕಿಯೂ ಮುಗಿಯುತ್ತಾ ಬಂದಿತ್ತು. ಟಿಪ್ಪುವಿಗೂ ಅದು ಗೊತ್ತಿತ್ತು, ಮಳೆ ಬರುವವರೆಗೆ ತಡೆದರೆ ಕೋಟೆ ಉಳಿಯುತ್ತಿತ್ತು. ನಾನು ಅಲ್ಲಿ ಒಂದು ಸಲ ಮೇ ತಿಂಗಳಲ್ಲೂ ಇನ್ನೊಂದು ಸಲ ಆಗಸ್ಟ್‌ನಲ್ಲೂ ನಿಂತಿದ್ದೇನೆ. ಆಗಸ್ಟ್‌ನಲ್ಲಿ ಒಂದು ಬಂಡೆಯೂ ಕಾಣಲಿಲ್ಲ, ಕೆಂಪು ನೀರು ಸದ್ದು ಮಾಡಿಕೊಂಡು ಹೋಗುತ್ತಿತ್ತು. ಆ ಎರಡು ಹೊಳೆಯನ್ನು ನೋಡಿದ ಮೇಲೆ ನನಗೆ ಆ ಯುದ್ಧದ ಬಗ್ಗೆ ಬೇರೆ ಯಾರೂ ಏನೂ ಹೇಳಬೇಕಾಗಲಿಲ್ಲ.

ದಕ್ಷಿಣದ ದಡದಲ್ಲೂ ಒಂದು ಕಥೆ ಇದೆ. ಅದೇ ವರ್ಷ ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು, ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ ಕತ್ತಲೆಯಲ್ಲಿ ದಿಕ್ಕು ತಪ್ಪಿ ವಾಪಸ್ ಬಂದ. ತೋಪಿನ ಒಳಗೆಲ್ಲಾ ನೀರಿನ ಕಾಲುವೆಗಳು, ಮೇಲಿಂದ ರಾಕೆಟ್ಟು. ಇವತ್ತು ಆ ಬಯಲಲ್ಲಿ ಸಂಜೆ ಹೊತ್ತು ಕಾಲುವೆ ಬದಿಯ ಮಣ್ಣು ದಾರಿಯಲ್ಲಿ ಸೈಕಲ್ ತುಳಿದು ನೋಡಿ, ಎಲ್ಲಾ ತಿರುವೂ ಒಂದೇ ಥರ ಕಾಣುತ್ತದೆ. ನಾನು ಹಗಲಲ್ಲೇ ದಾರಿ ತಪ್ಪಿದ್ದೇನೆ.

ಎರಡನೇ ದಿನ ಕಿರಂಗೂರು ಮೇಲೆ ಪಾಂಡವಪುರಕ್ಕೆ. ಈ ದಾರಿಯೇ ಒಂದು ರಣಭೂಮಿ, ಆದರೆ ಯಾವ ಬೋರ್ಡೂ ಇಲ್ಲ. 1792ರ ಫೆಬ್ರವರಿಯಲ್ಲಿ, ಅಂದರೆ ಇದಕ್ಕೂ ಹಿಂದಿನ ಯುದ್ಧದಲ್ಲಿ, ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಾಂಡವಪುರದ ಹತ್ತಿರ ಬಿಡಾರ ಹೂಡಿದ್ದ. 6ನೇ ತಾರೀಕು ಬೆಳದಿಂಗಳಲ್ಲಿ ಮೂರು ಸಾಲಾಗಿ ಸೇನೆ ಇಳಿದು ಬಂದಿದ್ದು ಹೊಳೆಯ ಈ ಉತ್ತರ ದಡಕ್ಕೇ. ಆ ಯುದ್ಧ ಮುಗಿದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಪೂರ್ವಕ್ಕೆ ಕರಿಘಟ್ಟ ಬೆಟ್ಟ ಕಾಣುತ್ತದೆ, ಮುಂದೆ ಕುಂತಿ ಬೆಟ್ಟದ ಜೋಡಿ ಬಂಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರು ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರಿಟ್ಟಿದ್ದರು.

ಈ ಭಾಗದಲ್ಲಿ ಕಬ್ಬು ಕಡಿಯುವ ಕಾಲಕ್ಕೆ ಹೋದರೆ ಆಲೆಮನೆ ಹೊಗೆ ದೂರದಿಂದಲೇ ಕಾಣುತ್ತದೆ. ಸುಮ್ನೆ ಸೈಕಲ್ ನಿಲ್ಲಿಸಿ ಒಳಗೆ ಹೋಗಿ, ಯಾರೂ ಬೇಡ ಅನ್ನುವುದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ, ಮೇಲೆ ಬಂದ ಕಲ್ಮಶವನ್ನು ಒಬ್ಬರು ಜಾಲರಿಯಲ್ಲಿ ಎತ್ತಿ ಎಸೆಯುತ್ತಿರುತ್ತಾರೆ, ಪಾಕ ಬಂತಾ ಅಂತ ನೋಡಲು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾರೆ. ನನಗೆ ಬಾಳೆ ಎಲೆ ತುಂಡಿನ ಮೇಲೆ ಬಿಸಿ ಬೆಲ್ಲ ಹಾಕಿ ಕೊಟ್ಟರು. ದುಡ್ಡು ಕೊಡಲು ಹೋದೆ, "ಸೈಕಲ್ ತುಳ್ಕಂಡ್ ಬಂದಿದ್ದೀಯ, ತಿನ್ನಪ್ಪ" ಅಂದರು.

ಪಾಂಡವಪುರ ದಾಟಿ ಮೇಲುಕೋಟೆ ಕಡೆ ಹೋದರೆ ಬಲಕ್ಕೋ ಎಡಕ್ಕೋ ಅಂತ ಯೋಚನೆ ಬೇಡ, ಕೆರೆತೊಣ್ಣೂರು ಅಂತ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಕೆರೆಗೆ ಹೋಗುವ ಮುಂಚೆ ಊರಲ್ಲಿ ನಂಬಿ ನಾರಾಯಣನ ಗುಡಿ ನೋಡಿ, ಹೊಯ್ಸಳರ ಕಾಲದ್ದು, ಯಾವ ಗದ್ದಲವೂ ಇಲ್ಲ. ಆಮೇಲೆ ಏರಿ ಮೇಲೆ ಹತ್ತಿ. ಎರಡು ಗುಡ್ಡದ ನಡುವಿನ ಸಂದಿಗೆ ಅಡ್ಡ ಕಟ್ಟಿದ ಏರಿ ಇದು. ರಾಮಾನುಜಾಚಾರ್ಯರು ಕಟ್ಟಿಸಿದ್ದು ಅಂತ ಊರಿನವರು ಹೇಳುತ್ತಾರೆ. ನೀರು ಎಷ್ಟು ತಿಳಿ ಅಂದರೆ ಮೆಟ್ಟಿಲ ಹತ್ತಿರ ಮೂರು ನಾಲ್ಕು ಅಡಿ ಕೆಳಗಿನ ಕಲ್ಲಿನ ಮೇಲೆ ಮೀನಿನ ನೆರಳು ಬಿದ್ದಿದ್ದು ಕಾಣುತ್ತದೆ, ಮೀನು ಆಮೇಲೆ ಕಾಣುತ್ತದೆ. ಹೈದರಾಬಾದಿನ ನಿಜಾಮರ ಮನೆತನದ ನಾಸಿರ್ ಜಂಗ್ ಇದನ್ನು ನೋಡಿ ಮೋತಿ ತಲಾಬ್, ಮುತ್ತಿನ ಕೆರೆ ಅಂದನಂತೆ. ಆಮೇಲೆ ಇಂಗ್ಲಿಷರ ಸೇನೆಗೆ ಈ ನೀರು ಸಿಗಬಾರದು ಅಂತ ಟಿಪ್ಪು ಏರಿಯನ್ನೇ ಒಡೆಸಿದ. ಅಷ್ಟು ದೊಡ್ಡ ಕೆರೆ, ಕೆಳಗೆ ಅಷ್ಟು ಊರಿನ ಗದ್ದೆ. ನಾನು ಏರಿ ಮೇಲೆ ಕೂತು ಬುತ್ತಿ ಬಿಚ್ಚಿದಾಗಲೆಲ್ಲಾ ಈ ವಿಷಯ ನೆನಪಿಗೆ ಬರುತ್ತದೆ, ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ಆ ವರ್ಷ ಕೆಳಗಿನವರು ಏನು ಬೆಳೆದರು, ಏನು ಉಂಡರು? ಏರಿಯನ್ನು ಆಮೇಲೆ ಮತ್ತೆ ಕಟ್ಟಿದರು, ಈಗ ನಾವು ಕೂರುವುದು ಅದರ ಮೇಲೆ.

ಈಜಲು ಮಾತ್ರ ಇಳಿಯಬೇಡಿ. ನೋಡಲು ಸಾಧು ಕೆರೆ, ಆದರೆ ಆಳ ಇದೆ, ಜನ ಮುಳುಗಿದ್ದಾರೆ. ಹಾಗೇ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ, ಪಕ್ಕದ ರಸ್ತೆಗಳಲ್ಲಿ ಕತ್ತಲಾದ ಮೇಲೆ ತುಳಿಯಲೇಬೇಡಿ. 2018ರ ನವೆಂಬರ್‌ನಲ್ಲಿ ಇದೇ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೇ ನಾಲೆಗೆ ಬಿದ್ದು 30 ಜನ ಹೋದರು. ಹಗಲಲ್ಲಿ ನಾಲೆ ಏರಿಯಷ್ಟು ಚೆಂದದ ಸೈಕಲ್ ದಾರಿ ಇನ್ನೊಂದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ತೊಣ್ಣೂರಿನಿಂದ ಜಕ್ಕನಹಳ್ಳಿಗೆ, ಅಲ್ಲಿಂದ ಏರು ಶುರು. ಬಿಸಿಲು ಇಳಿದ ಮೇಲೆ ಹತ್ತಿ. ರಾತ್ರಿ ಮೇಲುಕೋಟೆಯಲ್ಲಿ ಉಳಿಯಿರಿ, ಛತ್ರಗಳಿವೆ, ಆದರೆ ಜಾತ್ರೆ ದಿನಗಳಲ್ಲಿ ಮೊದಲೇ ಕೇಳಿಕೊಳ್ಳಿ. ಪುಳಿಯೋಗರೆ ಬಗ್ಗೆ ನಾನು ಹೇಳಬೇಕಾಗಿಲ್ಲ ಅಲ್ವಾ.

ಮೂರನೇ ದಿನ ಬೆಳಿಗ್ಗೆ ಯೋಗಾನರಸಿಂಹನ ಬೆಟ್ಟ ಹತ್ತಿ ದಕ್ಷಿಣಕ್ಕೆ ನೋಡಿ. ನೀವು ಬಂದ ದಾರಿ ಪೂರ್ತಿ ಕೆಳಗೆ ಬಿದ್ದಿರುತ್ತದೆ. 1771ರ ಮಾರ್ಚ್‌ನಲ್ಲಿ ಹೈದರ್ ಅಲಿ ಮೇಲುಕೋಟೆಯಲ್ಲಿ ಮರಾಠರ ಸೇನೆಯ ಮುತ್ತಿಗೆಗೆ ಸಿಕ್ಕಿಹಾಕಿಕೊಂಡು, ರಾತ್ರೋರಾತ್ರಿ ಶ್ರೀರಂಗಪಟ್ಟಣದ ಕಡೆ ಸೇನೆ ಇಳಿಸಿದ. ಎತ್ತು, ಫಿರಂಗಿ, ಸಾಮಾನು ಎಲ್ಲಾ ಸೇರಿ ಕತ್ತಲಲ್ಲಿ ಎಷ್ಟು ವೇಗ ಬರಲು ಸಾಧ್ಯ? ತೊಣ್ಣೂರು, ಚಿನಕುರಳಿ ಹತ್ತಿರ ಮರಾಠ ಸೇನಾಪತಿ ತ್ರ್ಯಂಬಕರಾವ್‌ನ ಸೇನೆ ಮೇಲೆ ಬಿತ್ತು. ಹೈದರ್ ಹೇಗೋ ಪಟ್ಟಣ ಸೇರಿಕೊಂಡ, ಸೇನೆ ಚೆಲ್ಲಾಪಿಲ್ಲಿಯಾಯಿತು. ಇತ್ತ ಗೆದ್ದವರು ಮೇಲುಕೋಟೆಯನ್ನು ಸೂರೆ ಮಾಡಿದರು. ತೇರುಗಳಲ್ಲಿದ್ದ ಕಬ್ಬಿಣದ ಆಸೆಗೆ ಅವಕ್ಕೆ ಬೆಂಕಿ ಹಚ್ಚಿದರು ಅಂತ ಹಳೇ ಗೆಜೆಟಿಯರ್‌ನಲ್ಲಿ ಇದೆ. ತೊಣ್ಣೂರಿನಿಂದ ಪಟ್ಟಣಕ್ಕೆ ಸೈಕಲ್ಲಿನಲ್ಲಿ ಒಂದೂವರೆ ಗಂಟೆ ದಾರಿ. ಆ ಸೇನೆಗೆ ಅದು ಮುಗಿಯಲೇ ಇಲ್ಲ.

ವಾಪಸ್ ಬರುವಾಗ ಚಿನಕುರಳಿ ಮೇಲೆ ಬನ್ನಿ. ನನ್ನ ಹಿಂದಿನ ಚಕ್ರ ಪಂಚರ್ ಆಗಿದ್ದು ಅಲ್ಲೇ, ಜಾಲಿ ಮುಳ್ಳು. ರಸ್ತೆ ಪಕ್ಕ ಟ್ಯೂಬ್ ಬಿಚ್ಚಿ ಕೂತಿದ್ದೆ, ಕುರಿ ಹೊಡೆದುಕೊಂಡು ಬಂದ ಯಜಮಾನರೊಬ್ಬರು ಬಾಟಲಿಯಲ್ಲಿದ್ದ ನೀರನ್ನು ಮುಚ್ಚಳಕ್ಕೆ ಹಾಕಿ ಹಿಡಿದುಕೊಂಡರು, ತೂತು ಹುಡುಕಲು. "ಇಲ್ಲೇನಪ್ಪ ನೋಡಕ್ ಬಂದೆ?" ಅಂದರು. ಯುದ್ಧ ನಡೆದಿತ್ತು ತಾತ ಅಂದೆ. ಪ್ಯಾಚ್ ಒಣಗುವವರೆಗೂ ಪೂರ್ತಿ ಕಥೆ ಕೇಳಿದರು. ಯಾರು ಗೆದ್ದರು ಅಂತ ಕೇಳಲಿಲ್ಲ. "ಅಷ್ಟ್ ಜನಕ್ಕೂ ಎತ್ತಿಗೂ ನೀರೆಲ್ಲಿತ್ತಪ್ಪ ಆ ತಿಂಗಳಲ್ಲಿ?" ಅಂದರು. ಮಾರ್ಚ್ ಅಂದಿದ್ದೆನಲ್ಲ, ಅದನ್ನು ಹಿಡಿದುಕೊಂಡಿದ್ದರು. ಎರಡು ಹೆಚ್ಚಿನ ಟ್ಯೂಬ್, ಪ್ಯಾಚ್ ಕಿಟ್, ಪಂಪ್ ಇಟ್ಟುಕೊಳ್ಳದೆ ಹೊರಡಬೇಡಿ.

ಅಲ್ಲಿಂದ ಹೊಸ ಕನ್ನಂಬಾಡಿಗೆ ಹೋಗಿ. ಕೆಆರ್‌ಎಸ್ ಹಿನ್ನೀರಿನ ದಡದಲ್ಲಿ ವೇಣುಗೋಪಾಲನ ಗುಡಿ ಇದೆ, ಅಣೆಕಟ್ಟಿನಲ್ಲಿ ಮುಳುಗಿದ್ದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಿದ್ದು. ಎದುರಿನ ನೀರಿನ ತಳದಲ್ಲಿ ಹಳೇ ಕನ್ನಂಬಾಡಿ ಇದೆ. 1791ರ ಮೇನಲ್ಲಿ ಕಾರ್ನ್‌ವಾಲಿಸ್ ಅರಕೆರೆಯಲ್ಲಿ ಗೆದ್ದರೂ ಹೊಳೆ ದಾಟಲು ಆಗದೆ ಕನ್ನಂಬಾಡಿವರೆಗೆ ಬಂದ. ಮಳೆ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು, ಸೈನಿಕರಿಗೆ ಅನ್ನ ಇರಲಿಲ್ಲ. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬರಿಗೈಲಿ ಹಿಂದಿರುಗಿದ.

ಗುಡಿ ಮೆಟ್ಟಿಲ ಮೇಲೆ ಒಂದು ಗಂಟೆ ಕೂರಿ, ಆದರೆ ಮೂರು ಗಂಟೆಯೊಳಗೆ ಎದ್ದುಬಿಡಿ. ಅಣೆಕಟ್ಟಿನ ಮೇಲೆ ಬಿಡುವುದಿಲ್ಲ, ಕೆಳಗಿನ ಸೇತುವೆ ಸುತ್ತಿ ಬರಬೇಕು, ಮೈಸೂರು ಸೇರುವಷ್ಟರಲ್ಲಿ ದೀಪ ಹತ್ತಿರುತ್ತದೆ. ಹೋಗಲು ನವೆಂಬರ್‌ನಿಂದ ಜನವರಿ ಒಳ್ಳೇದು, ಕೆರೆ ತುಂಬಿರುತ್ತದೆ, ಆಲೆಮನೆ ನಡೆಯುತ್ತಿರುತ್ತದೆ. ಆ ಒಡೆದ ಗೋಡೆಯ ಹತ್ತಿರದ ಹೊಳೆ ನೋಡಲು ಮಾತ್ರ ಮೇ ತಿಂಗಳಲ್ಲಿ ಇನ್ನೊಂದು ದಿನ ಬನ್ನಿ, ಮಧ್ಯಾಹ್ನ ಒಂದು ಗಂಟೆಗೆ.