ಮುಟ್ಟು ನಿಂತು ಒಂಬತ್ತು ವರ್ಷವಾಯಿತು, ಹಾರ್ಮೋನ್ ಮಾತ್ರೆ ಇನ್ನೂ ಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 59, ಮುಟ್ಟು ನಿಂತದ್ದು 50ಕ್ಕೆ, 51ರಿಂದ ಹಾರ್ಮೋನ್ ಮಾತ್ರೆ, ರಕ್ತದೊತ್ತಡಕ್ಕೆ ಬೇರೆ ಮಾತ್ರೆ. ಸುರತ್ಕಲ್‌ನಲ್ಲಿ ಈಚೆಗೆ ನೋಡಿದ ಡಾಕ್ಟರು "ಅರವತ್ತು ದಾಟಿದರೆ ಅಪಾಯ, ನಿಲ್ಲಿಸಿಬಿಡಿ" ಎಂದಿದ್ದಾರೆ. ದೋಹಾದಲ್ಲಿರುವ ಮಗಳು ನಿಲ್ಲಿಸಬೇಡ ಎನ್ನುತ್ತಾಳೆ. ನಿಮ್ಮ ಚಿಕ್ಕಮ್ಮನಿಗೆ ಎಪ್ಪತ್ತರಲ್ಲಿ ಸ್ತನ ಕ್ಯಾನ್ಸರ್ ಬಂದಿದ್ದರಿಂದ ಯಜಮಾನರಿಗೆ ಅದೇ ಭಯ. ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಬ್ಯಾಂಕಿನಲ್ಲಿ 34 ವರ್ಷ ದುಡಿದು ನಿವೃತ್ತಳಾಗಿ ಉಡುಪಿಯಲ್ಲಿದ್ದೇನೆ, ಈಗ 62. ಹನ್ನೊಂದು ವರ್ಷದಿಂದ ಈ ಔಷಧಿಯ ಜೊತೆ ಏಗುತ್ತಿದ್ದೇನೆ. ನಡುವೆ ಎರಡು ಸಲ ಬಿಟ್ಟೆ, ಎರಡು ಸಲವೂ ಮರಳಿ ಹಿಡಿದೆ. ಆ ಅನುಭವವನ್ನೂ, ಓದಿ ಕೇಳಿ ತಿಳಿದದ್ದನ್ನೂ ಬರೆಯುತ್ತೇನೆ. ತೀರ್ಮಾನ ನಿಮ್ಮದು ಮತ್ತು ನಿಮ್ಮನ್ನು ಪರೀಕ್ಷಿಸುವ ಡಾಕ್ಟರದ್ದು.

ನೀವು ಬರೆಯದೆ ಬಿಟ್ಟ ಕೆಲವು ವಿಷಯಗಳ ಮೇಲೆಯೇ ಉತ್ತರ ನಿಂತಿದೆ. ಗರ್ಭಕೋಶ ಇದೆಯೇ, ತೆಗೆದಿದ್ದಾರೆಯೇ? ಮಾತ್ರೆ ಒಂದೋ, ಎರಡೋ? ಎಲ್ಲಕ್ಕಿಂತ ಮುಖ್ಯವಾಗಿ, 51ರಲ್ಲಿ ಯಾವ ಕಷ್ಟಕ್ಕೆಂದು ಆರಂಭಿಸಿದಿರಿ, ಆ ಕಷ್ಟ ಇವತ್ತಿಗೂ ಇದೆಯೇ? ನನ್ನನ್ನು ಕೇಳಿದರೆ, ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಿಲ್ಲಿಸುವುದೂ ಸರಿಯಲ್ಲ, ಮುಂದುವರಿಸುವುದೂ ಸರಿಯಲ್ಲ.

ಈ ಅರವತ್ತರ ಭಯದ ಮೂಲವನ್ನು ಸ್ವಲ್ಪ ಹೇಳುತ್ತೇನೆ. 2002ರ ಜುಲೈಯಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಧ್ಯಯನದ ಒಂದು ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಅದರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಸುಮಾರು ಅರ್ಧ ಮಂದಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್ ಸೇರಿದ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ವರ್ಷಕ್ಕೆ 10,000 ಮಂದಿಯಲ್ಲಿ ಸ್ತನ ಕ್ಯಾನ್ಸರ್ 30 ಇದ್ದದ್ದು ಔಷಧಿ ತೆಗೆದುಕೊಂಡವರಲ್ಲಿ 38 ಆಯಿತು, ಪಾರ್ಶ್ವವಾಯು 21 ಇದ್ದದ್ದು 29 ಆಯಿತು. ಸೊಂಟದ ಮೂಳೆಮುರಿತ 15ರಿಂದ 10ಕ್ಕೆ ಇಳಿಯಿತು. ಜಗತ್ತಿಗೆ ಮುಟ್ಟಿದ್ದು ಮಾತ್ರ "ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚಳ" ಎಂಬ ಸುದ್ದಿ. ಹತ್ತು ಸಾವಿರದಲ್ಲಿ ಎಂಟು ಎಂದರೂ ಅದೇ ಲೆಕ್ಕ, ಕೇಳಲು ಮಾತ್ರ ಬೇರೆ. ಬಡ್ಡಿಯ ಶೇಕಡಾವಾರು ಹೇಳಿ ಅಸಲು ಎಷ್ಟೆಂದು ಹೇಳದವರನ್ನು ನಾನು ಕೌಂಟರಿನ ಕಾಲದಿಂದಲೂ ನಂಬುವುದಿಲ್ಲ.

ಆ ಮಹಿಳೆಯರ ಸರಾಸರಿ ವಯಸ್ಸು 63. ಬಹಳಷ್ಟು ಮಂದಿ ಮುಟ್ಟು ನಿಂತು ಎಷ್ಟೋ ವರ್ಷಗಳ ನಂತರ ಮಾತ್ರೆ ಹಿಡಿದವರು. ಆ ಮಾತ್ರೆಯ ಈಸ್ಟ್ರೊಜೆನ್ ಗಬ್ಬದ ಕುದುರೆಯ ಮೂತ್ರದಿಂದ ತೆಗೆದದ್ದು. (ಇದನ್ನು ಹೇಳಿದ ದಿನ ನಮ್ಮ ಮನೆಯವರು ಊಟದ ತಟ್ಟೆಯಿಂದ ಎದ್ದೇ ಹೋದರು.) ನಂತರದ ವಿಶ್ಲೇಷಣೆಗಳಲ್ಲಿ ಕಂಡದ್ದೇನೆಂದರೆ, ಅರವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದವರ ಲೆಕ್ಕವೇ ಬೇರೆ, ಅವರಲ್ಲಿ ಲಾಭದ ಕಡೆ ತೂಕ ಹೆಚ್ಚು. ನಿಮ್ಮ ಡಾಕ್ಟರು ಹೇಳಿದ ಅರವತ್ತು ಮುಖ್ಯವಾಗಿ ಹೊಸದಾಗಿ ಆರಂಭಿಸುವವರಿಗೆ ಹಾಕಿದ ಗಡಿ. 51ರಿಂದ ತೆಗೆದುಕೊಳ್ಳುತ್ತಿರುವವರಿಗೆ ಅದನ್ನೇ ಹಾಗೆಯೇ ಅಂಟಿಸಲು ಬರುವುದಿಲ್ಲ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿಯು 2022ರ ತನ್ನ ನಿಲುವಿನಲ್ಲಿ, 65 ತುಂಬಿತು ಎಂಬ ಒಂದೇ ಕಾರಣಕ್ಕೆ ನಿಲ್ಲಿಸಬೇಕಾಗಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಈ ಔಷಧಿಗಳ ಲೇಬಲ್ಲಿನ ಮೇಲೆ ಕಪ್ಪು ಚೌಕಟ್ಟಿನೊಳಗೆ ಹಾಕುವ ಅತಿ ಗಂಭೀರ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದಾಗಿ ಪ್ರಕಟಿಸಿತು. ನಿಮ್ಮ ಮಗಳು ಓದಿರುವುದು ಬಹುಶಃ ಇದನ್ನೇ.

ಹಾಗೆಂದು ಯಜಮಾನರ ಭಯಕ್ಕೆ ಬುಡವೇ ಇಲ್ಲ ಎನ್ನಲಾರೆ. ಎರಡು ಹಾರ್ಮೋನ್ ಸೇರಿದ ಚಿಕಿತ್ಸೆಯಲ್ಲಿ ವರ್ಷ ಹೆಚ್ಚಿದಂತೆ ಸ್ತನ ಕ್ಯಾನ್ಸರಿನ ಸಾಧ್ಯತೆ ಏರುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ, ಐವತ್ತರಲ್ಲಿ ಆರಂಭಿಸಿ ದಿನಾ ಎರಡೂ ಹಾರ್ಮೋನನ್ನು ಐದು ವರ್ಷ ತೆಗೆದುಕೊಂಡ ಸುಮಾರು 50 ಮಂದಿಯಲ್ಲಿ ಒಬ್ಬರಿಗೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ, ಇಲ್ಲದಿದ್ದರೆ ಬರದಿದ್ದ ಕ್ಯಾನ್ಸರ್ ಬರುತ್ತದೆ. ಹತ್ತು ವರ್ಷ ತೆಗೆದುಕೊಂಡರೆ ಅದು ಹೆಚ್ಚುಕಡಿಮೆ ಇಮ್ಮಡಿ. ಈಸ್ಟ್ರೊಜೆನ್ ಮಾತ್ರ ತೆಗೆದುಕೊಂಡವರಲ್ಲಿ 200ಕ್ಕೆ ಒಬ್ಬರು. ಇದು ಪಾಶ್ಚಾತ್ಯ ದೇಶಗಳ ಮಹಿಳೆಯರ ಲೆಕ್ಕ, ನಮ್ಮಲ್ಲಿ ಈ ರೋಗದ ಮೂಲ ಪ್ರಮಾಣವೇ ಕಡಿಮೆ. ಆದರೂ ನಿಮ್ಮದು ಎಂಟು ವರ್ಷವಾಗಿದೆ, ಇದನ್ನು ತಕ್ಕಡಿಯಲ್ಲಿ ಇಡಲೇಬೇಕು. ಚಿಕ್ಕಮ್ಮನಿಗೆ ಎಪ್ಪತ್ತರಲ್ಲಿ ಬಂದದ್ದು ಅಷ್ಟರಿಂದಲೇ ನಿಮ್ಮ ಬಾಗಿಲು ಮುಚ್ಚುವುದಿಲ್ಲ, ಡಾಕ್ಟರಿಗೆ ಮಾತ್ರ ಹೇಳಿ. ನಿಮಗೇ ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು.

ಈಗ ನನ್ನ ಕಥೆ. ಮೊದಲ ತಪ್ಪು ನನ್ನದೇ. 2020 ಮತ್ತು 21ರಲ್ಲಿ ಕೊರೊನಾ ಎಂದು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೆಡಿಕಲ್ ಅಂಗಡಿಯ ಹುಡುಗನಿಗೆ ಹಳೆಯ ಚೀಟಿ ತೋರಿಸಿದರೆ ಸ್ಟ್ರಿಪ್ಪು ಕೈಗೆ ಬರುತ್ತಿತ್ತು. ಠೇವಣಿ ತಾನಾಗಿ ನವೀಕರಣವಾದ ಹಾಗೆ ಎರಡು ವರ್ಷ ನಡೆಯಿತು. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಇಲ್ಲ, ರಕ್ತದೊತ್ತಡ ನೋಡಿದ್ದಿಲ್ಲ. ಗಿರಾಕಿಗಳಿಗೆ "ಅವಧಿ ಮುಗಿದಾಗ ಬಂದು ಹೊಸ ಬಡ್ಡಿ ದರ ನೋಡಿ ಆಮೇಲೆ ಮುಂದುವರಿಸಿ" ಎಂದು ಬುದ್ಧಿ ಹೇಳುತ್ತಿದ್ದವಳು ನಾನೇ.

ಎರಡನೆಯದು 2022ರದ್ದು. ಆಗ ನೋಡಿದ ಡಾಕ್ಟರು "ಐದು ವರ್ಷದ ಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ" ಎಂದರು. ನಾನೂ ಹೆದರಿ ಮಾರ್ಚ್ ನಡುವಿನಲ್ಲಿ ಒಂದೇ ದಿನಕ್ಕೆ ನಿಲ್ಲಿಸಿದೆ. ಕರಾವಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಮಾರ್ಚ್ ನಂತರ ಏನು ಬರುತ್ತದೆ ಎಂದು ಹೊಳೆಯಲೇ ಇಲ್ಲ. ಏಪ್ರಿಲ್ ನಡುವಿನ ಬಿಸು ಹಬ್ಬ ಬರುವ ಹೊತ್ತಿಗೆ ರಾತ್ರಿ ಐದು ಸಲ ಎದ್ದು ಕೂರುತ್ತಿದ್ದೆ. ಎಲ್ಲರೂ "ಸೆಕೆ ಅಲ್ಲವಾ, ಎಲ್ಲರಿಗೂ ಹಾಗೆಯೇ" ಎನ್ನುವವರು. ನನಗೂ ಗುರುತು ಸಿಗಲು ಎರಡು ವಾರ ಹಿಡಿಯಿತು. ಸೆಕೆ ಮೈಯೆಲ್ಲ ಒಂದೇ ಸಮನೆ ಹಿಂಡುತ್ತದೆ, ಫ್ಯಾನಿನ ಕೆಳಗೆ ಕೂತರೆ, ಒಂದು ಲೋಟ ಪುನರ್ಪುಳಿ ಪಾನಕ ಕುಡಿದರೆ ತಗ್ಗುತ್ತದೆ. ಇದು ಹಾಗಲ್ಲ. ಎದೆಯಿಂದ ಹೊರಟು ಕುತ್ತಿಗೆ, ಕೆನ್ನೆ, ಕಿವಿಯವರೆಗೆ ಏರುತ್ತದೆ, ಎದೆ ಡವಡವ ಎನ್ನುತ್ತದೆ, ಕೆಲವು ನಿಮಿಷದಲ್ಲಿ ಇಳಿದು ಆಮೇಲೆ ಚಳಿ ಹಿಡಿಯುತ್ತದೆ. ಮಂಗಳೂರಿನ ಸಭೆಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಹೆಜಮಾಡಿ ಟೋಲಿನ ಹತ್ತಿರ, ಬೆವತು ನಡುಗುತ್ತಿದ್ದ ನನಗೆ ಪಕ್ಕದ ಹೆಂಗಸು ತನ್ನ ಶಾಲು ಹೊದಿಸಿದಳು. ಏಪ್ರಿಲ್ ತಿಂಗಳಲ್ಲಿ ಶಾಲು!

ನಿಲ್ಲಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೀಗೆ ಮರಳಿ ಬರುತ್ತದೆಯಂತೆ. ಉಳಿದವರಿಗೆ ಏನೂ ಆಗುವುದಿಲ್ಲ, ಅವರಿಗೆ ಔಷಧಿಯ ಅಗತ್ಯ ಎಂದೋ ಮುಗಿದಿರುತ್ತದೆ. ನೀವು ಯಾವ ಗುಂಪು ಎಂದು ನಿಲ್ಲಿಸಿ ನೋಡದೆ ಹೇಳಲು ಬರುವುದಿಲ್ಲ. ನಾನು ನಿಲ್ಲಿಸಬೇಡಿ ಎಂದು ಹಟ ಹಿಡಿಯದಿರುವುದಕ್ಕೆ ಇದೇ ಕಾರಣ.

ಆ ವರ್ಷ ಮಳೆ ಹಿಡಿದ ಮೇಲೆ ಇನ್ನೊಬ್ಬ ಡಾಕ್ಟರನ್ನು ನೋಡಿದೆ. ಅವರು ನಾನು ಕೇಳಿರದ ಮಾತೊಂದನ್ನು ಹೇಳಿದರು: ನುಂಗಿದ ಈಸ್ಟ್ರೊಜೆನ್ ಮೊದಲು ಪಿತ್ತಜನಕಾಂಗದ ಮೂಲಕ ಹಾಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪಟ್ಟಿಯದು ನೇರ ರಕ್ತಕ್ಕೆ ಸೇರುವುದರಿಂದ ಹೆಪ್ಪಿನ ಅಪಾಯ ಏರಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ವಯಸ್ಸಾದಂತೆ ಹೆಪ್ಪು, ಪಾರ್ಶ್ವವಾಯುವಿನ ಸಾಧ್ಯತೆ ತಾನಾಗಿಯೇ ಏರುವಾಗ ಈ ವ್ಯತ್ಯಾಸ ಸಣ್ಣದಲ್ಲ. ರಕ್ತದೊತ್ತಡ ಇರುವ ನೀವು ಇದನ್ನು ಕೇಳಲೇಬೇಕು. ಮುಂದುವರಿಸಲೇ, ನಿಲ್ಲಿಸಲೇ ಎಂಬ ಎರಡು ದಾರಿಗಳ ನಡುವೆ ರೂಪ ಬದಲಿಸುವುದು, ಪ್ರಮಾಣ ಇಳಿಸುವುದು ಎಂಬ ದಾರಿಗಳೂ ಇವೆ. ನನಗೆ ಜೆಲ್, ಜೊತೆಗೆ ರಾತ್ರಿ ಎರಡನೆಯ ಹಾರ್ಮೋನಾದ ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ಕೊಟ್ಟರು.

ಆ ಕ್ಯಾಪ್ಸೂಲಿನ ವಿಷಯದಲ್ಲಿ ಎಚ್ಚರ. ಗರ್ಭಕೋಶ ಇರುವವರು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೂ ತಿರುಗಬಹುದು. ಎರಡನೆಯ ಔಷಧಿ ಇರುವುದು ಅದನ್ನು ತಡೆಯಲು. ನಮ್ಮ ಬೀದಿಯಲ್ಲೇ ಒಬ್ಬರು "ಅದು ಬರೀ ನಿದ್ದೆ ಬರಿಸುತ್ತದೆ, ದುಬಾರಿ ಬೇರೆ" ಎಂದು ಕ್ಯಾಪ್ಸೂಲನ್ನು ಮಾತ್ರ ಬಿಟ್ಟರು. ಆರೇಳು ತಿಂಗಳಲ್ಲಿ ರಕ್ತಸ್ರಾವ ಕಾಣಿಸಿತು. ಪುಣ್ಯಕ್ಕೆ ಕೆಟ್ಟದ್ದೇನೂ ಇರಲಿಲ್ಲ. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಮನೆಯಲ್ಲಿ ಕೂರಬೇಡಿ, ಸ್ಕ್ಯಾನ್ ಆಗಬೇಕು.

2023ರ ಡಿಸೆಂಬರಿನಲ್ಲಿ, ಡಾಕ್ಟರಿಗೆ ಹೇಳಿಯೇ, ಜೆಲ್ ಅರ್ಧ ಮಾಡಿದೆ. ಬ್ಯಾಂಕಿನ ಹಳೆಯ ಡೈರಿಯೊಂದರಲ್ಲಿ ದಿನಾ ಬೆಳಿಗ್ಗೆ ಎರಡೇ ಅಂಕಿ: ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಹಗಲು ಎಷ್ಟು ಸಲ ಬಿಸಿ ಏರಿತು. ಮೂರು ತಿಂಗಳು ಬರೆದೆ, ವ್ಯತ್ಯಾಸವೇ ಇಲ್ಲ. ಎಂದರೆ ಅಷ್ಟು ದಿನ ಬೇಕಾದದ್ದಕ್ಕಿಂತ ಇಮ್ಮಡಿ ಹಚ್ಚಿಕೊಂಡಿದ್ದೆ. ಮರುವರ್ಷದ ಡಿಸೆಂಬರಿನಲ್ಲಿ ಪೂರ್ತಿ ಬಿಟ್ಟೆ. ನಾಲ್ಕು ವಾರ ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಐದನೆಯ ವಾರಕ್ಕೆ ರಾತ್ರಿಯ ಅಂಕಣದಲ್ಲಿ ನಾಲ್ಕು, ಐದು. ಆರನೆಯ ವಾರ ಮತ್ತೆ ಅರ್ಧ ಪ್ರಮಾಣಕ್ಕೆ ಬಂದೆ, ಈಗಲೂ ಅಲ್ಲೇ ಇದ್ದೇನೆ. ಹೀಗೆ ಬಿಸಿ ಏರುವುದು, ಎಂದರೆ ಹಾಟ್ ಫ್ಲಶ್, ಒಂದೆರಡು ವರ್ಷದಲ್ಲಿ ಮುಗಿಯುತ್ತದೆ ಎಂಬ ಮಾತು ಎಲ್ಲರಿಗೂ ನಿಜವಲ್ಲ. ಸ್ವಾನ್ ಎಂಬ ಅಮೆರಿಕದ ಅಧ್ಯಯನದಲ್ಲಿ ಅದರ ನಡುಮಟ್ಟದ ಅವಧಿ 7.4 ವರ್ಷ ಬಂದಿತ್ತು, ಎಂದರೆ ಅರ್ಧ ಮಂದಿಗೆ ಅದಕ್ಕಿಂತಲೂ ಹೆಚ್ಚು.

ನನ್ನ ತೀರ್ಮಾನದಲ್ಲಿ ಮೂಳೆಯದೂ ಪಾಲಿದೆ. ಅಮ್ಮ 72ರಲ್ಲಿ, ಆಷಾಢದ ಮಳೆಯಲ್ಲಿ, ಬಾವಿಕಟ್ಟೆಗೆ ಹೋಗುವಾಗ ಅಂಗಳದ ಪಾಚಿಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಅವರು ಆ ಬಾವಿಯ ಹತ್ತಿರ ಹೋಗಲೇ ಇಲ್ಲ. ಮಣಿಪಾಲದಲ್ಲಿ ಮೂಳೆಯ ಸಾಂದ್ರತೆ ನೋಡಿಸಿದಾಗ ನನ್ನ ಟಿ ಸ್ಕೋರ್ ಮೈನಸ್ 1.9 ಬಂತು. ಮೈನಸ್ 2.5ಕ್ಕೆ ಇಳಿದರೆ ಆಸ್ಟಿಯೋಪೊರೋಸಿಸ್, ಎಂದರೆ ಮೂಳೆ ಸವೆದು ಟೊಳ್ಳಾಗುವ ರೋಗ ಎನ್ನುತ್ತಾರೆ. ಈಸ್ಟ್ರೊಜೆನ್ ಇರುವಷ್ಟು ದಿನ ಮೂಳೆಗೆ ರಕ್ಷಣೆ, ಬಿಟ್ಟರೆ ಸವೆತ ಮತ್ತೆ ಶುರು. ನಿಮಗೆ ಬೇರೆ ತೊಂದರೆ ಇಲ್ಲದೆ ಮೂಳೆಯ ಚಿಂತೆ ಮಾತ್ರ ಇದ್ದರೆ ಅದಕ್ಕೆಂದೇ ವಾರಕ್ಕೊಂದು ನುಂಗುವ ಮಾತ್ರೆಗಳಿವೆ, ಹಾರ್ಮೋನೇ ಬೇಕೆಂದಿಲ್ಲ. ಚರ್ಮ ಹೊಳೆಯುತ್ತದೆ, ವಯಸ್ಸು ಕಾಣುವುದಿಲ್ಲ ಎಂದು ಮುಂದುವರಿಸುವವರೂ ಇದ್ದಾರೆ. ಅದಕ್ಕಾಗಿ ನಾನಂತೂ ಒಂದು ದಿನವೂ ತೆಗೆದುಕೊಳ್ಳಲಾರೆ.

ಇನ್ನೊಂದು ವಿಷಯ ನಮ್ಮ ವಯಸ್ಸಿನವರು ಬಾಯಿಬಿಟ್ಟು ಹೇಳುವುದಿಲ್ಲ. ಕೆಳಗಿನ ಒಣಗುವಿಕೆ, ಉರಿ, ಪದೇ ಪದೇ ಮೂತ್ರದ ಸೋಂಕು. ಬಿಸಿ ಏರುವುದು ಎಂದಾದರೂ ನಿಂತೀತು, ಇದು ವರ್ಷ ಹೋದಂತೆ ಹೆಚ್ಚಾಗುತ್ತದೆ. ಅಲ್ಲಿಗೇ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಸಿಗುತ್ತದೆ, ರಕ್ತಕ್ಕೆ ಸೇರುವುದು ತೀರಾ ಅಲ್ಪ. ಮಾತ್ರೆ ನಿಲ್ಲಿಸಿದರೂ ಇದನ್ನು ಮುಂದುವರಿಸಬಹುದು. ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ, ನಾನು ಹಾಗೆಯೇ ಮಾಡಿದ್ದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಈಗಿನ ಮಾತ್ರೆಯನ್ನು ಸದ್ದಿಲ್ಲದೆ ಮುಂದುವರಿಸುತ್ತಲೂ ಇರಲಿಲ್ಲ, ಒಂದೇ ದಿನಕ್ಕೆ ಬಿಸಾಡುತ್ತಲೂ ಇರಲಿಲ್ಲ. ಒಬ್ಬ ಸ್ತ್ರೀರೋಗ ತಜ್ಞರ ಹತ್ತಿರ ಸ್ಟ್ರಿಪ್ಪು ಸಮೇತ ಹೋಗಿ, ಜೆಲ್‌ಗೆ ಬದಲಿಸಲು ಆಗುತ್ತದೆಯೇ, ಪ್ರಮಾಣ ಇಳಿಸಲು ಆಗುತ್ತದೆಯೇ ಎಂದು ಮೊದಲು ಕೇಳುತ್ತಿದ್ದೆ. ಪೂರ್ತಿ ಬಿಟ್ಟು ನೋಡುವುದಾದರೆ ಡಿಸೆಂಬರಿನಲ್ಲಿ ನೋಡಿ, ಸೆಕೆಗಾಲದಲ್ಲಿ ಬೇಡ. ಬಿಟ್ಟು ಕಷ್ಟವಾದರೆ ಬೇಗ ಹೇಳಿ. ಎರಡು ಮೂರು ವರ್ಷ ಸಹಿಸಿಕೊಂಡು 62ರಲ್ಲಿ ಮರಳಿ ಬೇಕೆಂದರೆ ಅದು ಹೊಸದಾಗಿ ಆರಂಭಿಸಿದ ಹಾಗೆಯೇ, ಆಗ ಆ ಅರವತ್ತರ ಗಡಿ ನಿಜವಾಗಿಯೂ ಅಡ್ಡ ಬರುತ್ತದೆ. ಈ ಮಾತನ್ನು ನನಗೆ 2022ರಲ್ಲಿ ಯಾರೂ ಹೇಳಿರಲಿಲ್ಲ.

ಕೊನೆಯ ಮ್ಯಾಮೋಗ್ರಾಂ ಯಾವಾಗ ಆಯಿತು ಎಂದು ನೀವು ಬರೆದಿಲ್ಲ. ನನ್ನ ಹಾಗೆ ಲೆಕ್ಕ ತಪ್ಪಿ ಹೋಗಿದ್ದರೆ, ಉಳಿದದ್ದೆಲ್ಲಕ್ಕೂ ಮೊದಲು ಅದನ್ನು ಈ ತಿಂಗಳೇ ಮಾಡಿಸಿ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ.